ಚಾದಂಗಡ್ಯಾಗ ಗೆದ್ದ ಎಮ್ಮೆಲ್ಲೆ

ಬಾಗಲಕೋಟೆ ನವನಗರದ ಚಾದಂಗಡಿಯಲ್ಲಿ ಬಸುನ ಅಭ್ಯರ್ಥಿ ಆಗಲೇ ಗೆದ್ದು ಕೂತಿದ್ದ. ಬೀಡಿ ಪಾಕೀಟಿನ ಹಿಂದೆ ಲೆಕ್ಕ ತಯಾರು: ಲಿಂಗಾಯತರು ಇಷ್ಟು, ಕುರುಬರು ಇಷ್ಟು, ಮುಸ್ಲಿಮರು ಇಷ್ಟು, ಕೆಳಗೆ ಎರಡು ಗೆರೆ. ಎದುರು ಪಾರ್ಟಿಯವನಿಗೆ ಠೇವಣಿಯೂ ಬಿಟ್ಟಿರಲಿಲ್ಲ. ಕೇಳಲು ಕೂತವರು ಮೂರು ಮಂದಿ. ಮತಗಟ್ಟೆ ಡ್ಯೂಟಿ ಮಾಡಿ ಮಾಡಿ ನಿವೃತ್ತರಾದ ಮಾಸ್ತರು, ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್ಓ ಕೆಲಸವೂ ಕೊರಳಿಗೆ ಬಿದ್ದಿರುವ ಅಂಗನವಾಡಿ ಶಾಂತಕ್ಕ, ಬೂತ್ ಏಜೆಂಟ್ ರಫೀಕ.

“ಕೂಡಿಸಿದಿ ಖರೆ,” ಅಂದರು ಮಾಸ್ತರು, “ಕಳದಿಯೇನು?”

“ಏನ್ ಕಳೀಬೇಕ್ರಿ ಸರ?”

“ಬರದವರನ್ನ. ಅದಿರ್ಲಿ, ಈ ಅಂಕಿ ಎಲ್ಲಿಂದ ತಂದಿ?”

“ಎಲ್ಲಾರಿಗೂ ಗೊತ್ತಿದ್ದದ್ದರಿ.”

“2011ರ ಜನಗಣತಿ ಪರಿಶಿಷ್ಟ ಜಾತಿ, ಪಂಗಡ ಎಷ್ಟು ಅಂತ ಊರೂರಿಗೆ ಹೇಳ್ತೈತಿ. ಉಳದ ಜಾತಿ ಅದರಾಗಿಲ್ಲ. ಅದಕ್ಕs ಒಬ್ಬೊಬ್ಬ ಮುಖಂಡ ಒಂದೊಂದು ಸಂಖ್ಯಾ ಹೇಳ್ತಾನ. ಎಲ್ಲಾರು ಹೇಳಿದ್ದು ಕೂಡಿಸಿದ್ರ ಒಂದ ತಾಲೂಕಿನಾಗ ಎರಡು ತಾಲೂಕಿನ ಮಂದಿ ಹಿಡೀಬೇಕಾಗ್ತೈತಿ!”

ಶಾಂತಕ್ಕ ಬಶಿ ಕೆಳಗಿಟ್ಟಳು. “ಮೊದಲ ಪಟ್ಟಿ ನೋಡ್ರಿ. ಲಗ್ನ ಆಗಿ ಜಮಖಂಡಿಗೆ ಹೋದ ಹುಡುಗಿ ಅಲ್ಲಿ ಹೊಸ ಮತದಾರಳಂಗ ನಮೂನೆ 6 ತುಂಬ್ತಾಳ. ತುಂಬಬೇಕಾದ್ದು ನಮೂನೆ 8, ವಿಳಾಸ ಬದಲಿಗೆ. ಆಗ ಇಲ್ಲಿ ಹೆಸರು ಹೋಗ್ತೈತಿ. ಇಲ್ಲಂದ್ರ ಎರಡೂ ಕಡೆ ಕುಂತಿರ್ತೈತಿ. ಇನ್ನ ಸತ್ತವರದು ನಮೂನೆ 7. ಮಣ್ಣಿಗೆ ನೂರು ಮಂದಿ ಬರ್ತಾರ, ಫಾರ್ಮ್ ಕೊಡಾಕ ಒಬ್ಬರೂ ಬರಂಗಿಲ್ಲ.”

“ಅದರಿಂದ ಏನ್ ಫರಕ್ ಬೀಳ್ತೈತ್ರಿ ಅಕ್ಕಾ?”

“ಪಟ್ಟ್ಯಾಗ 1,000 ಹೆಸರು ಅನ್ನು. 80 ಸತ್ತವರು, ಊರು ಬಿಟ್ಟವರು. 690 ಮತ ಬಿದ್ರ ಪೇಪರಿನಾಗ 69 ಪರ್ಸೆಂಟ್. ಖರೆ ಇದ್ದವರು 920 ಅಲ್ಲೇನು, ಹಂಗಾರ 75 ಆತು. ಮಂದಿ ಆಲಸಿ ಅಲ್ಲ, ಪಟ್ಟಿ ಹಳೇದು.”

ರಫೀಕ ಸುಮ್ಮನಿರಲಾಗದೆ ಬಾಯಿ ಹಾಕಿದ. “ದೋಸ್ತಾ, ತಾಂಡಾದ್ದು ಬರದಿಯಲ್ಲಾ, ಅವರು ಎಲ್ಲಿ ಅದಾರ ಕೇಳಿಯೇನು? ಕಬ್ಬಿನ ಗ್ಯಾಂಗ್ ಮೇ ತಿಂಗಳಿಗೆ ಮನೀಗೆ ಬಂದಿರ್ತೈತಿ, ಫ್ಯಾಕ್ಟರಿ ಬಂದಾಗಿರ್ತಾವ. ಗೋವಾದಾಗ ಗಾರೆ ಕೆಲಸಕ್ಕ ಹೋದವ ಎರಡು ದಿನದ ಪಗಾರ, ಬಸ್ ಚಾರ್ಜ್ ಕಳಕೊಂಡು ಯಾಕ ಬರ್ತಾನ? 2023ರ ವಿಧಾನಸಭಾ ಮತದಾನ ಮೇ 10, 2024ರ ಲೋಕಸಭಾದ್ದು ಮೇ 7. ಎರಡೂ ಸಲ ಬಿಸಲಿಗೆ ನೆತ್ತಿ ಸುಡ್ತಿತ್ತು. ಗ್ರಾಮ ಪಂಚಾಯ್ತಿ ಆದ್ರ ಬ್ಯಾರೆ ಮಾತು. ನಾಕ ಮತಕ್ಕ ಸೀಟು ಹೋಗ್ತೈತಿ, ತಪ್ಪು ಅಂತ ಗೊತ್ತಿದ್ರೂ ಕ್ರೂಸರ್ ಕಳಸ್ತಾರ.”

“ಬಂದವರರ ನಮ್ಮವರಿಗೇ ಹಾಕ್ಯಾರಿಲ್ಲೋ? ನಮ್ಮ ಬೂತಿನಾಗ ನಮ್ಮವರು ನೂರಕ್ಕ 70, ನಮ್ಮ ಪಾರ್ಟಿಗೆ ಬಿದ್ದದ್ದೂ 70!”

“ನಿಮ್ಮವರಾಗ 20 ಆ ಕಡೆ ಹೋಗಿ, ಅವರಾಗ 20 ಈ ಕಡೆ ಬಂದ್ರೂ 70ನs,” ಅಂದರು ಮಾಸ್ತರು. “ನಮೂನೆ 17ಸಿ ಮತ ಎಷ್ಟು ಬಿದ್ವು ಅಂತ ಹೇಳ್ತೈತಿ, ನಮೂನೆ 20 ಯಾರಿಗೆ ಬಿದ್ವು ಅಂತ ಬೂತ್ ಬೂತಿಗೆ ಹೇಳ್ತೈತಿ. ಜಾತಿ ಕಾಲಂ ಎರಡ್ರಾಗೂ ಇಲ್ಲ.”

ಬಸು ಪಾಕೀಟು ತಿರುಗಿಸಿ ನೋಡಿದ. ಅಲ್ಲಿಯೂ ಆ ಕಾಲಂ ಇರಲಿಲ್ಲ.

“ಬೆಳಗಾವಿ ಕಡೆ ನೋಡು,” ಮಾಸ್ತರು ಬಿಡಲಿಲ್ಲ. “1996ರ ಲೋಕಸಭೆಗೆ ಒಂದ ಕ್ಷೇತ್ರಕ್ಕ 456 ಮಂದಿ ನಿಂತಿದ್ರು. ಬೆಳಗಾವಿ ಮಹಾರಾಷ್ಟ್ರಕ್ಕ ಸೇರಬೇಕು ಅನ್ನೋ ಮಹಾರಾಷ್ಟ್ರ ಏಕೀಕರಣ ಸಮಿತಿ, ಎಂಇಎಸ್‌ನವರು, ಗಡಿ ತಂಟೆ ದಿಲ್ಲಿಗೆ ಕೇಳಸಲಿ ಅಂತ ಸಾಲು ಹಚ್ಚಿ ನಿಲ್ಲಿಸಿದ್ರು. ಆಗ ಠೇವಣಿ ಬರೇ 500 ರೂಪಾಯಿ. ಆಮ್ಯಾಲ 10,000 ಆತು, ಈಗ 25,000, ಪರಿಶಿಷ್ಟರಿಗೆ ಅರ್ಧ. 2013ರ ವಿಧಾನಸಭಾದಾಗ ಎಂಇಎಸ್ ಬೆಳಗಾವಿ ದಕ್ಷಿಣ, ಖಾನಾಪುರ ಎರಡೂ ಗೆದ್ದಿತ್ತು. 2018ಕ್ಕ ಒಂದೂ ಇಲ್ಲ, 2023ಕ್ಕೂ ಇಲ್ಲ. ಆ ಐದು ವರ್ಷದಾಗ ಮರಾಠಿ ಮಂದಿ ಗಂಟು ಕಟ್ಟಿ ಎಲ್ಲರ ಹೋದ್ರೇನು? ಮಂದಿ ಅವರs, ಒಲವು ಹೊರಳಿತು. ನಿನ್ನ ಪಾಕೀಟಿನಾಗ ಆ ಒಲವು ಎಲ್ಲಿ ಬರದಿ?”

“ಮುಧೋಳದ್ದಂತೂ ಬರೀಲೇಬ್ಯಾಡ,” ಅಂದ ರಫೀಕ. “ಎಸ್ಸಿ ಮೀಸಲು. ನಿಂತವರೆಲ್ಲಾ ಪರಿಶಿಷ್ಟರು. ಲಿಂಗಾಯತ, ಕುರುಬ ಅಂತ ಕೂಡಿಸಿ ಯಾರ ಹೆಸರಿನ ಮುಂದ ಬರೀತಿ?”

ಬಸುನ ಮುಖ ಸಪ್ಪಗಾಯಿತು. “ಹಂಗಾರ ಲೆಕ್ಕ ಹಾಕೂದ ಬ್ಯಾಡೇನ್ರಿ?”

“ಹಾಕು, ಬೂತ್ ಹಿಡಕೊಂಡು ಹಾಕು,” ಅಂದರು ಮಾಸ್ತರು. “ಮೂರು ಚುನಾವಣಿ ನಮೂನೆ 20 ತಗಿ. ವಿಧಾನಸಭಾ ವಿಧಾನಸಭಾಕ್ಕ, ಲೋಕಸಭಾ ಲೋಕಸಭಾಕ್ಕ ಹೋಲಿಸು. ಎರಡೂ ಕಲಸಬ್ಯಾಡ, ಒಬ್ಬನ ಮನಷಾ ಇಲ್ಲೊಂದು ಅಲ್ಲೊಂದು ಒತ್ತತಾನ. ಬೂತ್ ಒಡದಾರೇನು ನೋಡು. ಒಂದಕ್ಕ ಹೆಚ್ಚಂದ್ರ 1,500 ಮತದಾರರು ಅಂತಿದ್ದದ್ದು 1,200 ಆಗೈತಿ, ಹಳೇ 42ನೇ ನಂಬರೂ ಹೊಸ 42ನೇ ನಂಬರೂ ಒಂದ ಓಣಿ ಇರಲಿಕ್ಕಿಲ್ಲ. ಆಮ್ಯಾಲ ಪಟ್ಟ್ಯಾಗಿಂದ ಇಲ್ಲದವರನ್ನ ಕಳಿ. ಜಾತಿ ಎಲ್ಲಾದಕ್ಕೂ ಕಡೀಕ.”

ಬಸು ಹೊಸ ಪಾಕೀಟು ಕೇಳಿ ಇಸಕೊಂಡು ಪೆನ್ನು ಝಾಡಿಸಿದ. “ಶಾಂತಕ್ಕಾ, ನಿಮ್ಮ ಬೂತಿನಾಗ ಸತ್ತವರು ಎಷ್ಟು ಮಂದಿರಿ?”

“ಮೂವತ್ತೊಂದು.”

ಬಸು ಬರೆದುಕೊಂಡ. ಸ್ವಲ್ಪ ಯೋಚಿಸಿ ಮತ್ತೆ ಕೇಳಿದ: “ಯಾವ ಸಮಾಜದವರ್ರಿ?”