ಹಾರ್ನ್ ಸಬ್‌ವೂಫರ್: ಸಿಮ್ಯುಲೇಶನ್‌ನಲ್ಲಿ ಬೇಸ್ ಇದೆ, ಡಬ್ಬಿಯಲ್ಲಿ ಇಲ್ಲ

ಗಂಗಾವತಿ18

ಎಲ್ಲರಿಗೂ ನಮಸ್ಕಾರ. ಮದುವೆ ಮೆರವಣಿಗೆ, ಗಣೇಶ ವಿಸರ್ಜನೆಗೆ ಸೌಂಡ್ ಬಾಡಿಗೆ ಕೊಡುತ್ತೇವೆ. 18 ಇಂಚಿನ ಸ್ಪೀಕರ್‌ಗೆ ಮಡಚಿದ ಹಾರ್ನ್ ಡಬ್ಬಿ ಒಂದು ಮಾಡಿಸಿದೆವು. ಇದು ಸರಿ ಹೋದರೆ ಇನ್ನೂ ಮೂರು ಮಾಡಿಸುವ ಯೋಚನೆ. ನಕ್ಷೆ ಬಂದಿದ್ದು ಒಂದು ವಾಟ್ಸಾಪ್ ಗುಂಪಿನಲ್ಲಿ. ಜೊತೆಗೆ ಹಾರ್ನ್‌ರೆಸ್ಪ್ (ಹಾರ್ನ್ ಡಬ್ಬಿಯ ಸಿಮ್ಯುಲೇಶನ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂ) ಫೈಲ್ ಕೂಡ ಇತ್ತು. ಅದರಲ್ಲಿ ಗ್ರಾಫ್ 40 ಹರ್ಟ್ಜ್‌ವರೆಗೂ ಚೆನ್ನಾಗಿ ಬರುತ್ತದೆ.

ಊರ ಹೊರಗಿನ ಕಣದಲ್ಲಿಟ್ಟು ಬಾರಿಸಿದರೆ 60ರ ಕೆಳಗೆ ಏನೂ ಇಲ್ಲ. 70, 80ರಲ್ಲಿ ಮಾತ್ರ ಎದೆಗೆ ಬಡಿಯುತ್ತದೆ. 35ರ ಸೈನ್ ಕೊಟ್ಟರೆ ಕೋನ್ ಸುಮ್ನೆ ಹಾರಾಡುತ್ತದೆ, ಸದ್ದು ಬರುವುದಿಲ್ಲ. ನಮ್ಮ ಹಳೆಯ ಎರಡು ಪೋರ್ಟ್ ಡಬ್ಬಿಗಳೇ ಇದಕ್ಕಿಂತ ಚೆನ್ನಾಗಿವೆ ಅಂತ ಹುಡುಗರು ನಗುತ್ತಿದ್ದಾರೆ.

ಫೈಲಿನ ಅಂಕಿಗಳು: ಆಂಗಲ್ 0.5 ಪೈ. ಎಸ್1 (ಹಾರ್ನ್ ಶುರುವಾಗುವ ಗಂಟಲು) 600 ಚದರ ಸೆಂ.ಮೀ., ಎಸ್2 (ಬಾಯಿ) 4500, ಉದ್ದ 240 ಸೆಂ.ಮೀ., ಎಕ್ಸ್‌ಪೊನೆನ್ಷಿಯಲ್ (ಬಾಯಿ ಕಡೆಗೆ ಹೆಚ್ಚು ಹೆಚ್ಚು ಅಗಲವಾಗುವುದು). ಹಿಂದಿನ ಚೇಂಬರ್ 110 ಲೀಟರ್, ಮುಚ್ಚಿದ್ದು. ಸ್ಪೀಕರ್‌ನ ಎಸ್‌ಡಿ (ಕೋನಿನ ವಿಸ್ತೀರ್ಣ) 1200 ಚದರ ಸೆಂ.ಮೀ. ಬಾಯಿ 60 × 75 ಸೆಂ.ಮೀ. 240ಕ್ಕೆ ಕಾಲು ಅಲೆಯ ಲೆಕ್ಕ (ಹಾರ್ನ್ ಉದ್ದ ಅಂದರೆ ಅಲೆಯ ಕಾಲು ಭಾಗ) ಹಾಕಿದರೆ 36 ಹರ್ಟ್ಜ್ ಬರುತ್ತದೆ. ಮತ್ತೆ ಎಲ್ಲಿ ಹೋಯಿತು ಬೇಸ್?

ಕರಟಗಿ_ಟಾಪ್ಸ್

ಬಿಸಿಲು ಅಣ್ಣ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಜಾಸ್ತಿ. ಟ್ಯೂನಿಂಗ್ ಮೇಲೆ ಹೋಗಿಬಿಡುತ್ತದೆ.

ಓಮ್_ಲೆಕ್ಕ, ರಾಯಚೂರು

ಬಿಸಿಲನ್ನು ಬಿಡಿ. 20 ಡಿಗ್ರಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ನಮ್ಮ 40 ಡಿಗ್ರಿಯಲ್ಲಿ 355. ವ್ಯತ್ಯಾಸ ಶೇ. 3ರಷ್ಟು. 36 ಹರ್ಟ್ಜ್ ಇದ್ದದ್ದು 37 ಆಗುತ್ತದೆ, ಅಷ್ಟೇ. ರಾಯಚೂರಲ್ಲಿ ಎಲ್ಲಕ್ಕೂ ಬಿಸಿಲೇ ಕಾರಣ ಅನ್ನುತ್ತೇವೆ, ಇದಕ್ಕೆ ಮಾತ್ರ ಅದು ಸಾಲದು.

ಗಂಗಾವತಿಯವರೇ, ನಿಮ್ಮ ಫೈಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 0.5 ಪೈ. ಆ ಖಾನೆ ಡಬ್ಬಿಯ ಸುತ್ತ ಎಷ್ಟು ಜಾಗ ತೆರೆದಿದೆ ಅಂತ ಹೇಳುವುದು. ಗಾಳಿಯಲ್ಲಿ ತೂಗು ಹಾಕಿದರೆ 4 ಪೈ. ಬಯಲಲ್ಲಿ ನೆಲದ ಮೇಲಿಟ್ಟರೆ 2 ಪೈ. ನೆಲದ ಜೊತೆ ಒಂದು ಗೋಡೆಯೂ ಇದ್ದರೆ 1 ಪೈ. 0.5 ಅಂದರೆ ಎರಡು ಗೋಡೆ ಕೂಡುವ ಮೂಲೆಯಲ್ಲಿ, ನೆಲಕ್ಕೆ ಇಟ್ಟ ಹಾಗೆ. ಕಣದಲ್ಲಿ ಎಲ್ಲಿಯ ಗೋಡೆ? 2 ಪೈಗೂ 0.5 ಪೈಗೂ ಕೆಳಗಿನ ಫ್ರೀಕ್ವೆನ್ಸಿಯಲ್ಲಿ 12 ಡೆಸಿಬೆಲ್‌ವರೆಗೂ ವ್ಯತ್ಯಾಸ ಬರಬಹುದು. 12 ಡೆಸಿಬೆಲ್ ಅಂದರೆ 16 ಪಟ್ಟು ಪವರ್. ಆಂಪ್ ದೊಡ್ಡದು ತಂದು ತುಂಬುವ ಗುಂಡಿ ಅಲ್ಲ ಅದು.

ಹಾಗಂತ ಫೈಲ್ ಮಾಡಿದವರು ಮೋಸ ಮಾಡಿದರು ಅನ್ನಬೇಡಿ. ನಾಲ್ಕು ಡಬ್ಬಿಗಳನ್ನು ಬಾಯಿಗೆ ಬಾಯಿ ಹೊಂದಿಸಿ ಬಯಲಲ್ಲಿಟ್ಟರೆ, ಲೆಕ್ಕಕ್ಕೆ ಅದು ಒಂದು ಡಬ್ಬಿ ಮೂಲೆಯಲ್ಲಿದ್ದ ಹಾಗೆಯೇ. ಪಕ್ಕದ ಡಬ್ಬಿಗಳೇ ಗೋಡೆಯ ಕೆಲಸ ಮಾಡುತ್ತವೆ. ಪ್ರತಿ ಡಬ್ಬಿಗೂ ಅದೇ ವೋಲ್ಟ್ ಹೋಗಬೇಕು, ಅದೊಂದು ಷರತ್ತು. ಆ ಗ್ರಾಫ್ ನಾಲ್ಕರದ್ದು. ನೀವು ಬಾರಿಸಿದ್ದು ಒಂದನ್ನು.

ಬಾಯಿಯ ಲೆಕ್ಕವೂ ಇದನ್ನೇ ಹೇಳುತ್ತದೆ. 40 ಹರ್ಟ್ಜ್ ಅಲೆಯ ಉದ್ದ 8.6 ಮೀಟರ್. ನೆಲದ ಮೇಲಿಟ್ಟ ಹಾರ್ನ್ ಆ ಅಲೆಯನ್ನು ಪೂರ್ತಿ ಹಿಡಿಯಬೇಕಾದರೆ ಬಾಯಿ ಸುಮಾರು 2.9 ಚದರ ಮೀಟರ್ ಬೇಕು. ನಿಮ್ಮದು 0.45. ನಾಲ್ಕು ಸೇರಿದರೂ 1.8. ಹಾಗಾಗಿ ಒಂದೇ ಹಾರ್ನ್ ಡಬ್ಬಿ ಬಾರಿಸಿ ತೀರ್ಪು ಕೊಡಬಾರದು.

ಕಾಲು ಅಲೆಯ ಲೆಕ್ಕ ಒಂದೇ ಅಗಲದ ಕೊಳವೆಗೆ ಸರಿ. ಬಾಯಿ ಕಡೆ ಅಗಲವಾಗುತ್ತಾ ಹೋದರೆ ಅನುರಣನ ಮೇಲಕ್ಕೆ ಸರಿಯುತ್ತದೆ. ಅದಕ್ಕೇ 36 ಅನ್ನುವ ಅಂಕಿಯನ್ನು ಮರೆತುಬಿಡಿ. ಆಂಗಲ್ ಖಾನೆಗೆ 2 ಪೈ ಹಾಕಿ, ಇಂಪೀಡೆನ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಓಮ್‌ಗಳಲ್ಲಿ) ಗ್ರಾಫ್ ತೆಗೆಯಿರಿ. ಎರಡು ಗುಡ್ಡದ ನಡುವೆ ಒಂದು ತಗ್ಗು ಕಾಣುತ್ತದೆ, ಹಾರ್ನಿನ ಟ್ಯೂನಿಂಗ್ ತೋರಿಸುವುದು ಅದೇ. ಅದು ಎಷ್ಟರಲ್ಲಿದೆ ಅಂತ ಇಲ್ಲಿ ಬರೆಯಿರಿ. ಆಮೇಲೆ ಡಬ್ಬಿಯದ್ದನ್ನೂ ಅಳೆಯಿರಿ. ಎರಡೂ ಎದುರಿಗೆ ಬರುವ ತನಕ ಪ್ಲೈವುಡ್‌ಗೆ ಗರಗಸ ಹಾಕಬೇಡಿ.

ಗಂಗಾವತಿ18

2 ಪೈ ಹಾಕಿದೆ ಸರ್. ಗ್ರಾಫ್ ಪಾಪ ನೆಲ ಕಚ್ಚಿತು. ತಗ್ಗು 46 ಹರ್ಟ್ಜ್ ಹತ್ತಿರ ತೋರಿಸುತ್ತಿದೆ. ಡಬ್ಬಿಯ ಇಂಪೀಡೆನ್ಸ್ ಅಳೆಯುವುದು ಹೇಗೆ? ಮೈಕ್, ಸೌಂಡ್ ಕಾರ್ಡ್ ಏನೂ ಇಲ್ಲ.

ಓಮ್_ಲೆಕ್ಕ, ರಾಯಚೂರು

ಮೈಕ್ ಬೇಡವೇ ಬೇಡ. ಇಂಪೀಡೆನ್ಸ್ ಅಳತೆಯ ಸುಖವೇ ಅದು. ಗಾಳಿ, ಗೋಡೆ, ಪಕ್ಕದ ಲಾರಿಯ ಸದ್ದು ಯಾವುದೂ ಅಷ್ಟಾಗಿ ಅಡ್ಡ ಬರುವುದಿಲ್ಲ.

10 ಓಮ್, 10 ವ್ಯಾಟ್ ರೆಸಿಸ್ಟರ್ ಒಂದನ್ನು ಸ್ಪೀಕರ್ ಜೊತೆ ಸೀರೀಸ್‌ನಲ್ಲಿ ಹಾಕಿ. ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ ಆಂಪ್‌ಗೆ ಸೈನ್ ಕೊಡಿ, ವಾಲ್ಯೂಮ್ ತೀರಾ ಕಡಿಮೆ ಇರಲಿ. ಸ್ಪೀಕರ್‌ನ ಎರಡು ತುದಿಯ ಎಸಿ ವೋಲ್ಟ್ ನೋಡಿ, ಆಮೇಲೆ ರೆಸಿಸ್ಟರ್‌ನದ್ದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 10ರಿಂದ ಗುಣಿಸಿದರೆ ಓಮ್ ಸಿಕ್ಕಿತು. ಸ್ಪೀಕರ್ ಮೇಲೆ 2 ವೋಲ್ಟ್, ರೆಸಿಸ್ಟರ್ ಮೇಲೆ 1 ವೋಲ್ಟ್ ಇದ್ದರೆ 20 ಓಮ್. 25ರಿಂದ 100 ಹರ್ಟ್ಜ್‌ವರೆಗೆ ಎರಡೆರಡು ಹರ್ಟ್ಜ್ ಏರಿಸುತ್ತಾ ಬರೆದುಕೊಳ್ಳಿ.

ಮೀಟರ್‌ನಲ್ಲಿ 2 ಅಥವಾ 20 ವೋಲ್ಟ್ ಎಸಿ ರೇಂಜ್ ಇರಬೇಕು. ಎಸಿಗೆ 200, 750 ಮಾತ್ರ ಇರುವ ಅಗ್ಗದ ಹಳದಿ ಮೀಟರ್ ಇದಕ್ಕೆ ಆಗುವುದಿಲ್ಲ.

ಇನ್ನೊಂದು ಮಾತು. ಫೈಲಿನಲ್ಲಿ ಎಂಎಂಡಿ (ಕೋನ್, ಕಾಯಿಲ್‌ನ ಬರೀ ತೂಕ) ಖಾನೆಗೆ ಡೇಟಾಶೀಟ್‌ನ ಎಂಎಂಎಸ್ ಹಾಕಿದ್ದಾರಾ ನೋಡಿ. ಎಂಎಂಎಸ್‌ನಲ್ಲಿ ಕೋನ್ ಎಳೆದಾಡುವ ಗಾಳಿಯ ತೂಕವೂ ಸೇರಿರುತ್ತದೆ. ಹಾರ್ನ್‌ರೆಸ್ಪ್ ಆ ಗಾಳಿಯನ್ನು ತಾನೇ ಲೆಕ್ಕ ಹಾಕುತ್ತದೆ. 18 ಇಂಚಿನ ಕೋನಿಗೆ ಅದು ಹತ್ತಾರು ಗ್ರಾಂ ಬರುತ್ತದೆ, ಎರಡು ಸಲ ಸೇರಿಸಬಾರದು.

ಗಂಗಾವತಿ18

ಎಂಎಂಡಿ ಸರಿಯಾಗಿಯೇ ಇದೆ. ಅಂಗಡಿಯ ಮೀಟರ್ ತಂದು ಅಳೆದೆ. ತಗ್ಗು 55 ಹರ್ಟ್ಜ್‌ನಲ್ಲಿ ಬಂತು! ಅದರ ಕೆಳಗಿನ ಗುಡ್ಡ ಸಿಮ್ಯುಲೇಶನ್‌ನಲ್ಲಿ 60 ಓಮ್ ಮೇಲೆ ಹೋಗುತ್ತದೆ, ಇಲ್ಲಿ 35 ಓಮ್ ದಾಟಲಿಲ್ಲ. ಮೊಂಡಾಗಿದೆ.

ಓಮ್_ಲೆಕ್ಕ, ರಾಯಚೂರು

ಈಗ ಡಬ್ಬಿ ಮಾತಾಡಿತು. ಗುಡ್ಡ ಮೊಂಡಾಗಿದ್ದರೆ ಮೊದಲ ಅನುಮಾನ ಹಿಂದಿನ ಚೇಂಬರ್ ಎಲ್ಲೋ ಸೋರುತ್ತಿದೆ ಅಂತ. ತಗ್ಗು 46ರಿಂದ 55ಕ್ಕೆ ಹೋಗಿದ್ದರೆ ಹಾರ್ನ್ ಗಿಡ್ಡ. 55ನ್ನು 46ರಿಂದ ಭಾಗಿಸಿದರೆ ಹತ್ತಿರ ಹತ್ತಿರ 1.2. 240ನ್ನು 1.2ರಿಂದ ಭಾಗಿಸಿದರೆ 200. ನಿಮ್ಮ ಡಬ್ಬಿಯೊಳಗೆ 40 ಸೆಂ.ಮೀ. ದಾರಿ ಕಾಣೆಯಾಗಿದೆ. ನಕ್ಷೆಯ ಅಡ್ಡಕೊಯ್ತ ಹಾಕಿ ನೋಡೋಣ.

ಉಳಿ_ಸುತ್ತಿಗೆ, ಸಿರುಗುಪ್ಪ

ನಕ್ಷೆ ನೋಡಿದೆ ತಮ್ಮಾ. 240 ಅನ್ನುವುದು ಹೊರಗೋಡೆಗೆ ಟೇಪ್ ಹಿಡಿದ ಅಳತೆ. ಶಬ್ದ ಗೋಡೆ ಸವರಿಕೊಂಡು ಹೋಗುವುದಿಲ್ಲ. ದಾರಿಯ ನಡುಗೆರೆಯಲ್ಲಿ ಅಳೆಯಬೇಕು. ಚೌಕ ಮೂಲೆ ಒಂದು ತಿರುಗಿದರೆ ಹೊರಗೋಡೆಗೂ ನಡುಗೆರೆಗೂ ದಾರಿಯ ಅಗಲದಷ್ಟು ವ್ಯತ್ಯಾಸ ಬರುತ್ತದೆ. ನಿನ್ನ ಡಬ್ಬಿಯಲ್ಲಿ ದಾರಿ ಮಡಚುವ ಕಡೆ ಅಗಲ 20 ಸೆಂ.ಮೀ., ಮೂಲೆ ಎರಡು. ಅಲ್ಲಿಗೆ 40 ಆಯಿತಲ್ಲ, ರಾಯಚೂರು ಮೇಷ್ಟ್ರ ಲೆಕ್ಕವೂ ಅಷ್ಟೇ. ಮೂಲೆಗಳಿಗೆ ಓರೆ ಪಟ್ಟಿ ಬಡಿದಿದ್ದರೆ ದಾರಿ ಇನ್ನೂ ಸ್ವಲ್ಪ ಕಡಿಮೆ.

ಸೋರುವುದನ್ನು ಹುಡುಕಲು ಊದಿನಕಡ್ಡಿ ಸಾಕು. 30 ಹರ್ಟ್ಜ್ ಸಣ್ಣಗೆ ಕೊಟ್ಟು ಹಿಂದಿನ ಮುಚ್ಚಳದ ಅಂಚು, ಹ್ಯಾಂಡಲ್, ಕನೆಕ್ಟರ್ ಪ್ಲೇಟ್ ಸುತ್ತ ಹಿಡಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲೇ ತೂತು. ಮುಚ್ಚಳಕ್ಕೆ ಬರೀ ಮರದ ಸ್ಕ್ರೂ ಹಾಕಿದ್ದರೆ ಅದು ನಿಲ್ಲುವುದಿಲ್ಲ. ಟಿ-ನಟ್ ಮತ್ತು ಬೋಲ್ಟ್, ಕೆಳಗೆ ಫೋಮ್ ಪಟ್ಟಿ. ಒಳಗಿನ ಸಂದಿಗಳಿಗೆ ಫೆವಿಕಾಲ್ ಜೊತೆ ಮರದ ಹೊಟ್ಟು ಕಲಸಿ ತುಂಬು. 18 ಮಿ.ಮೀ. ಅಂತ ಕೊಟ್ಟ ಪ್ಲೈ 17ಕ್ಕಿಂತ ಕಡಿಮೆ ಬರುವುದೂ ಉಂಟು. ಆಗ ಒಳಗಿನ ಅಡ್ಡಹಲಗೆ ಅದಕ್ಕೆ ಕೊರೆದ ತೋಡಿನಲ್ಲಿ ಸಡಿಲ ಕೂರುತ್ತದೆ, ಅಲ್ಲೂ ಹೊಗೆ ಹಿಡಿದು ನೋಡು.

ಗಂಗಾವತಿ18

ಕನೆಕ್ಟರ್ ಪ್ಲೇಟ್ ಕೆಳಗೆ ಹೊಗೆ ಕುಣಿಯುತ್ತಿತ್ತು ಅಣ್ಣಾ. ಫೋಮ್ ಹಾಕಿ ಬಿಗಿ ಮಾಡಿದ ಮೇಲೆ ಗುಡ್ಡ 52 ಓಮ್‌ಗೆ ಏರಿತು. ಈಗ ಆ 40 ಸೆಂ.ಮೀ.ಗೆ ಏನು ಮಾಡಲಿ? ಡಬ್ಬಿ ಒಡೆಯಬೇಕಾ?

ಓಮ್_ಲೆಕ್ಕ, ರಾಯಚೂರು

ಒಡೆಯಬೇಡಿ. ಬಾಯಿಗೆ 40 ಸೆಂ.ಮೀ. ಉದ್ದದ ಕೊರಳು ಸೇರಿಸಿ. ಮೊದಲು 12 ಮಿ.ಮೀ. ಪ್ಲೈ ತುಂಡುಗಳನ್ನು ಕ್ಲ್ಯಾಂಪ್ ಹಾಕಿ ನಿಲ್ಲಿಸಿ, ಸಂದಿಗೆ ಟೇಪ್ ಅಂಟಿಸಿ, ಇಂಪೀಡೆನ್ಸ್ ಮತ್ತೆ ಅಳೆಯಿರಿ. ತಗ್ಗು 47, 48ಕ್ಕೆ ಇಳಿದರೆ ಆಮೇಲೆ ಗಟ್ಟಿ ಕೊರಳು ಮಾಡಿಸಿ. ಕೊರಳೂ ಹೊರಗೆ ಸ್ವಲ್ಪ ಅಗಲವಾಗುತ್ತಾ ಹೋಗಲಿ.

ಕ್ರಾಸ್‌ಓವರ್‌ನಲ್ಲಿ 40 ಹರ್ಟ್ಜ್‌ಗೆ 24 ಡೆಸಿಬೆಲ್ ಹೈಪಾಸ್ (ಅದರ ಕೆಳಗಿನದನ್ನು ತಡೆಯುವ ಫಿಲ್ಟರ್) ಇವತ್ತೇ ಹಾಕಿ. ಹಾರ್ನ್ ಹಿಡಿತ ಬಿಟ್ಟ ಮೇಲೆ ಕೋನನ್ನು ತಡೆಯಲು ಹಿಂದಿನ ಚೇಂಬರ್‌ನ ಗಾಳಿ, ಸ್ಪೈಡರ್ (ಕೋನನ್ನು ಹಿಡಿದಿಡುವ ಸ್ಪ್ರಿಂಗ್‌ನಂಥ ಬಟ್ಟೆ) ಮಾತ್ರ ಇರುತ್ತವೆ. ಮೆರವಣಿಗೆ ಹಾಡಿನ ಕಿಕ್ ಇರುವುದು 50, 60ರ ಸುತ್ತ. 35ಕ್ಕಾಗಿ ಕಾಯಿಲ್ ಸುಡುವುದು ಯಾಕೆ?

ಗಂಗಾವತಿ18

ಕ್ಲ್ಯಾಂಪ್ ಕೊರಳಿಗೆ ತಗ್ಗು 48ಕ್ಕೆ ಬಂತು. ಕೇಳಿದರೂ ಗೊತ್ತಾಗುತ್ತದೆ, 50ರಲ್ಲಿ ಈಗ ಜೀವ ಇದೆ. ಒಂದೇ ಡಬ್ಬಿ ಆದ್ದರಿಂದ ಸದ್ದು ಜಾಸ್ತಿ ಇಲ್ಲ, ಅದು ಅರ್ಥವಾಯಿತು. ಉಳಿದ ಮೂರಕ್ಕೆ ಕೊರಳು ಬೇಡ, ದಾರಿಯನ್ನೇ ನಡುಗೆರೆಯಲ್ಲಿ 240 ಮಾಡಿ ಹೊಸ ನಕ್ಷೆ ಬರೆಯೋಣ ಅಂತ. ಆಳ ಜಾಸ್ತಿ ಆಗುತ್ತದೆ, ಪರವಾಗಿಲ್ವಾ?

ಉಳಿ_ಸುತ್ತಿಗೆ, ಸಿರುಗುಪ್ಪ

ಆಳ ಆಗಲಿ, ಆದರೆ ಟ್ರ್ಯಾಕ್ಟರ್ ಟ್ರಾಲಿಯ ಒಳ ಅಳತೆ ಮೊದಲು ತಗೊ. ಎರಡರ ಮೇಲೆ ಎರಡು ಇಟ್ಟರೆ ಅಗಲ ಸುಮಾರು 130 ಸೆಂ.ಮೀ., ಎತ್ತರ 160. ಅದರ ಮೇಲೆ ಟಾಪ್ (ಬೇಸ್ ಬಿಟ್ಟು ಉಳಿದ ಸದ್ದಿನ ಸ್ಪೀಕರ್) ಬೇರೆ ಕೂರಬೇಕು. ಓಣಿಯ ಕರೆಂಟ್ ತಂತಿಯನ್ನೂ ನೆನಪಿಟ್ಟುಕೊ. ಮೊದಲ ಡಬ್ಬಿಗೆ ಕೊರಳು ಹಾಕಿ, ಉಳಿದವಕ್ಕೆ ಬಿಟ್ಟರೆ ಬಾಯಿಗಳು ಒಂದೇ ಸಾಲಿಗೆ ಬರುವ ಹಾಗೆ ಹೊಸವುಗಳ ಆಳ ಇಡು. ನಕ್ಷೆ ಬರೆದು ಇಲ್ಲಿ ಹಾಕು, ಪ್ಲೈ ಕತ್ತರಿಸುವ ಮೊದಲು ನೋಡಿ ಹೇಳುತ್ತೇನೆ.

ಗಂಗಾವತಿ18

ಟ್ರಾಲಿ ಒಳಗೆ 6 ಅಡಿ ಅಗಲ ಇದೆ ಅಣ್ಣಾ. ಭಾನುವಾರ ನಕ್ಷೆ ಹಾಕುತ್ತೇನೆ.