ಮಂಡಿ ಲೆಕ್ಕದಿಂದ ಡೇಟಾ ಕೆಲಸಕ್ಕೆ: ವಾರಕ್ಕೆ 12 ಗಂಟೆ, ಕೈಯಲ್ಲಿ 20 ಸಾವಿರ. ಯಾವ ಸರ್ಟಿಫಿಕೇಟ್ ಮಾಡಲಿ?

ಅಡಿಕೆಲೆಕ್ಕ (ತೀರ್ಥಹಳ್ಳಿ)

ಬಿ.ಕಾಂ. ಆಗಿದೆ. ಅಡಿಕೆ ಮಂಡಿಯಲ್ಲಿ ಲೆಕ್ಕಪತ್ರದ ಕೆಲಸ. ಟ್ಯಾಲಿ ಗೊತ್ತು, ಎಕ್ಸೆಲ್‌ನಲ್ಲಿ ಪಿವಟ್, ವಿಲುಕಪ್‌ವರೆಗೆ ಬರುತ್ತದೆ, ಕೋಡಿಂಗ್ ಬರುವುದಿಲ್ಲ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಕಲಿಯುವ ಹಾಗಿಲ್ಲ. ವಾರದ ಹೆಚ್ಚಿನ ರಾತ್ರಿ ಎರಡೆರಡು ಗಂಟೆ, ಭಾನುವಾರ ಸ್ವಲ್ಪ ಹೆಚ್ಚು, ಒಟ್ಟು ವಾರಕ್ಕೆ 12 ಗಂಟೆ ಸಿಗಬಹುದು. ಹತ್ತು ತಿಂಗಳು, 20 ಸಾವಿರ ರೂಪಾಯಿ ಇಟ್ಟುಕೊಂಡಿದ್ದೇನೆ. ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮ್‌ನದ್ದು, ಹಳೆಯ ಹಾರ್ಡ್ ಡಿಸ್ಕ್.

ಕೇಳಬೇಕಾದ್ದು ಇಷ್ಟು. ಡೇಟಾ, ಕ್ಲೌಡ್, ನೆಟ್‌ವರ್ಕ್, ಇವುಗಳಲ್ಲಿ ಯಾವುದು ಹಿಡಿಯಲಿ? ಆನ್‌ಲೈನ್ ಕೋರ್ಸಿಗೆ ಐಐಟಿಗಳ ಎನ್‌ಪಿಟೆಲ್ ಒಳ್ಳೆಯದೋ ಕೋರ್ಸೆರಾ ತಾಣವೋ? ಒಂದು ತರಬೇತಿ ಸಂಸ್ಥೆಯವರು 85 ಸಾವಿರಕ್ಕೆ «ಕೆಲಸ ಗ್ಯಾರಂಟಿ, ಕಂತಿನಲ್ಲಿ ಕಟ್ಟಿ» ಅಂತ ದಿನಾ ಫೋನ್ ಮಾಡುತ್ತಿದ್ದಾರೆ, ಅದನ್ನು ನಂಬಬಹುದಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನಿಮಗೂ ಗೊತ್ತು. ಆನ್‌ಲೈನ್ ಪರೀಕ್ಷೆಗೆ ಎಂತ ಮಾಡುವುದು?

---

ಕಾಲಂ_ಸಾಲು (ಶಿವಮೊಗ್ಗ)

ಡೇಟಾ ಹಿಡಿಯಿರಿ. ಲೆಕ್ಕ ತಾಳೆ ಮಾಡುವುದು, ಎಲ್ಲಿ ತಪ್ಪಿದೆ ಅಂತ ಹುಡುಕುವುದು ನಿಮಗೆ ಆಗಲೇ ರೂಢಿ, ಆ ಕೆಲಸದ ಅರ್ಧ ಅದೇ. ನೆಟ್‌ವರ್ಕ್‌ನ ಆರಂಭದ ಕೆಲಸಗಳಿಗೆ ಬಹಳಷ್ಟು ಸಲ ಜಾಗದಲ್ಲೇ ಇರಬೇಕು, ಪಾಳಿಯೂ ಇರುತ್ತದೆ. ಕ್ಲೌಡ್‌ನಲ್ಲಿ ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆಯಾದ ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆ (65 ಪ್ರಶ್ನೆ, 90 ನಿಮಿಷ) ಎರಡು ತಿಂಗಳಲ್ಲಿ ಪಾಸಾಗಬಹುದು. ಆದರೆ ಅದರಿಂದ ಪದಗಳ ಪರಿಚಯ ಆಗುತ್ತದೆಯೇ ಹೊರತು ಕೈಗೆ ಕೆಲಸ ಬರುವುದಿಲ್ಲ. ಅದೊಂದನ್ನೇ ನೋಡಿ ಯಾರೂ ಕರೆಯುವುದೂ ಇಲ್ಲ.

ಮೊದಲು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಬೇಕಾದ್ದನ್ನು ಕೇಳಿ ತೆಗೆಯುವ ಭಾಷೆ), ಆಮೇಲೆ ಪವರ್ ಬಿಐ (ಡೇಟಾದಿಂದ ಗ್ರಾಫ್, ವರದಿ ಮಾಡುವ ಮೈಕ್ರೋಸಾಫ್ಟ್ ತಂತ್ರಾಂಶ), ಕೊನೆಗೆ ಸಮಯ ಉಳಿದರೆ ಪೈಥಾನ್ ಎಂಬ ಕೋಡಿಂಗ್ ಭಾಷೆ. ಪೈಥಾನ್‌ನಿಂದ ಶುರು ಮಾಡುವವರು ಮೂರನೇ ವಾರ ಲೂಪ್ ಹತ್ತಿರ ಸಿಕ್ಕಿಕೊಂಡು ಬಿಟ್ಟುಬಿಡುತ್ತಾರೆ. ಎಸ್‌ಕ್ಯೂಎಲ್ ನಿಮ್ಮ ಪಿವಟ್ ಟೇಬಲ್‌ನ ಅಣ್ಣನ ಹಾಗೆ. ಗ್ರೂಪ್ ಬೈ ಏನು ಮಾಡುತ್ತದೆ ಅಂತ ಒಂದೇ ಸಂಜೆಯಲ್ಲಿ ಹೊಳೆಯುತ್ತದೆ. ಎರಡು ಟೇಬಲ್ ಜೋಡಿಸುವ ಜಾಯಿನ್ ಹತ್ತಿರ ಎರಡು ವಾರ ನಿಧಾನ ಮಾಡಿ. ಒಂದು ಸಾಲಿಗೆ ಆ ಕಡೆ ಎರಡು ಸಾಲು ಹೊಂದಿಕೊಂಡರೆ ಮೊತ್ತ ಸದ್ದಿಲ್ಲದೆ ದುಪ್ಪಟ್ಟಾಗುತ್ತದೆ, ಎರರ್ ಬರುವುದಿಲ್ಲ. ಜಾಯಿನ್‌ಗೆ ಮುಂಚೆ, ನಂತರ ಸಾಲುಗಳ ಸಂಖ್ಯೆ ಎಣಿಸುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಅಭ್ಯಾಸಕ್ಕೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್, ಅದನ್ನು ತೆರೆದು ನೋಡುವ ಡಿಬಿ ಬ್ರೌಸರ್ ಸಾಕು. ಎರಡೂ ಉಚಿತ, ನಿಮ್ಮ 4 ಜಿಬಿಯಲ್ಲೂ ಓಡುತ್ತವೆ, ಇಂಟರ್ನೆಟ್ ಬೇಕಿಲ್ಲ. ಪವರ್ ಬಿಐ ಡೆಸ್ಕ್‌ಟಾಪ್ ಮಾತ್ರ ಹಾಗಲ್ಲ. ಅದಕ್ಕೆ ಬರುವಷ್ಟರಲ್ಲಿ ರ‍್ಯಾಮ್ 8 ಜಿಬಿ ಮಾಡಿಸಿ, ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಬಜೆಟ್ಟಿನ ಮೊದಲ ಖರ್ಚು ಅದೇ ಆಗಲಿ.

ಈಗ ಎನ್‌ಪಿಟೆಲ್. ಸೇರುವುದು, ಪಾಠ ನೋಡುವುದು ಉಚಿತ. ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಕೋರ್ಸೊಂದಕ್ಕೆ 1000 ರೂಪಾಯಿ ಕಟ್ಟಿ ಬೇರೆಯಾಗಿ ನೋಂದಾಯಿಸಬೇಕು. ಕೋರ್ಸಿಗೆ ಸೇರಿದ್ದೇ ಪರೀಕ್ಷೆಗೂ ಸೇರಿದ ಹಾಗೆ ಅಂದುಕೊಂಡು ಕೊನೆಯ ದಿನಾಂಕ ದಾಟಿಸುವವರು ಪ್ರತಿ ಸಲ ಇರುತ್ತಾರೆ. ಅಂಕ ಹೀಗೆ: ವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮೊದಲನೆಯದರಲ್ಲಿ ಕನಿಷ್ಠ 10, ಎರಡನೆಯದರಲ್ಲಿ ಕನಿಷ್ಠ 30 ಬರಬೇಕು. ಎರಡೂ ಬೇರೆ ಬೇರೆಯಾಗಿ ದಾಟಬೇಕು, ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ಒಟ್ಟು 60 ಬಂದರೆ ಸರ್ಟಿಫಿಕೇಟಿನ ಮೇಲೆ ಎಲೀಟ್ ಅನ್ನುವ ದರ್ಜೆ, 75 ಬಂದರೆ ಬೆಳ್ಳಿ, 90 ಬಂದರೆ ಚಿನ್ನ.

ನಮ್ಮ ಕಡೆಯವರಿಗೆ ಇದರಲ್ಲಿ ಮುಖ್ಯವಾದ ವಿಷಯ ಬೇರೆ ಇದೆ. 8 ವಾರದ ಕೋರ್ಸಿನಲ್ಲಿ ಒಳ್ಳೆಯ 6 ಅಸೈನ್‌ಮೆಂಟ್, 12 ವಾರದ್ದರಲ್ಲಿ ಒಳ್ಳೆಯ 8 ಮಾತ್ರ ಲೆಕ್ಕಕ್ಕೆ. ಅಂದರೆ ಎರಡರಿಂದ ನಾಲ್ಕು ವಾರ ಕರೆಂಟಿಗೋ ಕೊಯ್ಲಿಗೋ ಹೋದರೂ ನಷ್ಟವಿಲ್ಲ. ಅವಧಿ ಎರಡು, ಜನವರಿಯದ್ದು ಮತ್ತು ಜುಲೈಯದ್ದು. ಜುಲೈನದ್ದು ಆಷಾಢದ ಮಳೆಯಲ್ಲಿ ಶುರುವಾಗಿ ಕೊಯ್ಲಿನ ಬಾಗಿಲಿಗೆ ಬಂದು ನಿಲ್ಲುತ್ತದೆ, ನಿಮಗೆ ಬೇಡ. ಜನವರಿಯದ್ದಕ್ಕೆ ಸೇರಿ. ಐಐಟಿ ಖರಗ್‌ಪುರದ ಡೇಟಾ ಬೇಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ 8 ವಾರದ್ದು. ಆದರೆ ಅದರಲ್ಲಿ ನಾರ್ಮಲೈಸೇಶನ್, ರಿಲೇಷನಲ್ ಆಲ್ಜಿಬ್ರಾ ಅಂತ ಸಿದ್ಧಾಂತದ ಪಾಲು ದೊಡ್ಡದು. ಎಸ್‌ಕ್ಯೂಎಲ್ ಕೈಗೆ ಹತ್ತಿದ ಮೇಲೆ ಕೂತರೆ ಹಿತ, ಮೊದಲೇ ಕೂತರೆ ತಲೆನೋವು.

ಕೋರ್ಸೆರಾದಲ್ಲಿ ತಿಂಗಳ ಚಂದಾ. ನಿಧಾನವಾದಷ್ಟೂ ಖರ್ಚು. ಗೂಗಲ್ ಡೇಟಾ ಅನಾಲಿಟಿಕ್ಸ್ ಸರ್ಟಿಫಿಕೇಟ್ ಮಾಡುವುದಾದರೆ ಕೊಯ್ಲಿನ ತಿಂಗಳಲ್ಲಿ ಹಣ ಕಟ್ಟಿ ಕೂರಬೇಡಿ. ಹಣಕಾಸಿನ ನೆರವಿಗೆ ಅರ್ಜಿ ಹಾಕಲು ಅವಕಾಶ ಇದೆ, ಒಂದೊಂದು ಕೋರ್ಸಿಗೂ ಬೇರೆ ಅರ್ಜಿ, ಉತ್ತರಕ್ಕೆ ಎರಡು ವಾರ ಕಾಯಬೇಕಾಗಬಹುದು. ಮೊದಲ ಕೋರ್ಸ್ ನಡೆಯುತ್ತಿರುವಾಗಲೇ ಮುಂದಿನದಕ್ಕೆ ಹಾಕಿಡಿ. ಕಾರ್ಡಿನಲ್ಲಿ ಪಾವತಿ ಆಗದಿದ್ದರೆ ಬ್ಯಾಂಕಿನ ಆಪ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಮುಚ್ಚಿದೆಯೇ ನೋಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಅದನ್ನು ನಾವೇ ತೆರೆಯಬೇಕು.

ಎಲ್ಲ ಮುಗಿದ ಮೇಲೆ ಒಂದೇ ಒಂದು ದುಡ್ಡಿನ ಪರೀಕ್ಷೆ: ಮೈಕ್ರೋಸಾಫ್ಟಿನ ಪಿಎಲ್-300, ಪವರ್ ಬಿಐ ಡೇಟಾ ಅನಲಿಸ್ಟ್. ಸಾವಿರಕ್ಕೆ 700 ಬಂದರೆ ಪಾಸು. ಅಮೆರಿಕದ 165 ಡಾಲರ್ ನೋಡಿ ಹೆದರಬೇಡಿ, ಭಾರತದ ದರ ಅದಕ್ಕಿಂತ ಕಡಿಮೆ. ಓದುವ ಸಾಮಗ್ರಿ, ಅಭ್ಯಾಸ ಪರೀಕ್ಷೆ ಎರಡೂ ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಉಚಿತ. ಸಿಂಧುತ್ವ ಒಂದು ವರ್ಷ. ಅದು ಮುಗಿಯುವುದಕ್ಕೆ ಮುಂಚಿನ ಆರು ತಿಂಗಳಲ್ಲಿ ಮನೆಯಲ್ಲೇ ಕೂತು ಉಚಿತವಾಗಿ ನವೀಕರಿಸಬಹುದು. ಆ ದಿನಾಂಕ ದಾಟಿದರೆ ಮತ್ತೆ ಪೂರ್ತಿ ದುಡ್ಡು, ಪೂರ್ತಿ ಪರೀಕ್ಷೆ.

---

ರಾಶಿಬೆಟ್ಟೆ (ಸಾಗರ)

ಮೇಲಿನವರು ಹೇಳಿದ ದಾರಿ ಸರಿ. ಆದರೆ ಸರ್ಟಿಫಿಕೇಟ್ ಕೋರ್ಸಿನ ಕೊನೆಯಲ್ಲಿ ಎಲ್ಲರೂ ಮಾಡುವ ಅದೇ ಬೈಸಿಕಲ್ ಬಾಡಿಗೆಯ ಪ್ರಾಜೆಕ್ಟ್ ತೋರಿಸಿದರೆ ಸಂದರ್ಶನದಲ್ಲಿ ಎದುರಿಗಿದ್ದವರಿಗೆ ಆಕಳಿಕೆ ಬರುತ್ತದೆ. ನಿಮ್ಮ ಕಾಲಬುಡದಲ್ಲೇ ಡೇಟಾ ಇದೆ ಮಾರಾಯ್ರೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಅಡಿಕೆ ಧಾರಣೆ ದಿನವಾರು ಸಿಗುತ್ತದೆ: ವೆರೈಟಿ, ಆವಕ, ಕನಿಷ್ಠ, ಗರಿಷ್ಠ, ಮೋಡಲ್ ದರ (ಹೆಚ್ಚು ವ್ಯಾಪಾರ ನಡೆದ ದರ). ಮೂರು ವರ್ಷದ್ದು ಇಳಿಸಿಕೊಳ್ಳಿ. (ಮಂಡಿಯ ಒಳಗಿನ ಖಾತೆ, ಬೆಳೆಗಾರರ ಹೆಸರು ಮುಟ್ಟಬೇಡಿ. ಅದು ನಿಮ್ಮದಲ್ಲ.)

ಇಲ್ಲಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ.

ದಿನಾಂಕ. 05/03 ಅನ್ನುವುದನ್ನು ಲ್ಯಾಪ್‌ಟಾಪ್ ಅಮೆರಿಕದ ಕ್ರಮದಲ್ಲಿದ್ದರೆ ಮೇ 3 ಅಂತ ಓದುತ್ತದೆ. 13ರಿಂದ ಮೇಲಿನ ತಾರೀಖು ಮಾತ್ರ ಎರರ್ ಕೊಡುತ್ತವೆ, ಉಳಿದವು ತಪ್ಪಾಗಿಯೇ ಒಳಗೆ ಕೂರುತ್ತವೆ. ಪವರ್ ಬಿಐನಲ್ಲಿ ಡೇಟಾ ಶುದ್ಧ ಮಾಡುವ ಭಾಗವಾದ ಪವರ್ ಕ್ವೆರಿಯಲ್ಲಿ ಕಾಲಂನ ಬಗೆ ಬದಲಿಸುವಾಗ «ಯೂಸಿಂಗ್ ಲೊಕೇಲ್» ಆರಿಸಿ, ಇಂಗ್ಲಿಷ್ ಇಂಡಿಯಾ ಕೊಡಿ.

ಅಳತೆ. ಆವಕ ಟನ್ನಿನಲ್ಲಿದ್ದು ದರ ಕ್ವಿಂಟಾಲಿಗೆ ಇದ್ದರೆ ಗುಣಿಸುವ ಮೊದಲು ಹತ್ತರಿಂದ ಸರಿಮಾಡಬೇಕು. ಬೇರೆ ತಾಣದಿಂದಲೂ ದರ ತಂದು ಸೇರಿಸುವುದಾದರೆ ಪ್ರತಿ ಕಡತದ ಅಳತೆ ಬೇರೆಯಾಗಿ ನೋಡಿ.

ಹೆಸರು. ಗೊರಬಲು ಅನ್ನುವ ಒಂದೇ ವೆರೈಟಿ ಎರಡು ಮೂರು ಕಾಗುಣಿತದಲ್ಲಿ ಬಂದಿರುತ್ತದೆ. ಎರಡು ಕಾಲಂನ ಒಂದು ಚಿಕ್ಕ ಟೇಬಲ್ ಮಾಡಿ, ಎಡಕ್ಕೆ ಬಂದ ಹೆಸರು, ಬಲಕ್ಕೆ ಸರಿ ಹೆಸರು. ಮೂಲ ಕಡತವನ್ನು ಕೈಯಲ್ಲಿ ತಿದ್ದಬೇಡಿ. ಮುಂದಿನ ತಿಂಗಳ ಡೇಟಾ ಬಂದಾಗ ಮತ್ತೆ ಮೊದಲಿನಿಂದ ತಿದ್ದಬೇಕಾಗುತ್ತದೆ.

ಸರಾಸರಿ. ಅತಿ ದೊಡ್ಡ ತಪ್ಪು ಇದೇ. ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ: ರಾಶಿ ವೆರೈಟಿ 900 ಕ್ವಿಂಟಾಲ್, ದರ 50,000. ಸರಕು ವೆರೈಟಿ 20 ಕ್ವಿಂಟಾಲ್, ದರ 80,000. ಎರಡರ ಸರಾಸರಿ ತೆಗೆದರೆ 65,000. ಆ ದಿನ ಆ ದರಕ್ಕೆ ಯಾರೂ ಅಡಿಕೆ ಮಾರಿಲ್ಲ. ಆವಕದ ತೂಕ ಕೊಟ್ಟು ತೆಗೆದರೆ ಸುಮಾರು 50,652. ಪವರ್ ಬಿಐನಲ್ಲಿ ಇದನ್ನು ಕಾಲಂ ಆಗಿ ಅಲ್ಲ, ಮೆಷರ್ (ವರದಿ ತೋರಿಸುವಾಗ ಲೆಕ್ಕವಾಗುವ ಸೂತ್ರ) ಆಗಿ ಬರೆಯಿರಿ: ಸಮ್‌ಎಕ್ಸ್ ಅನ್ನುವ ಫಂಕ್ಷನ್‌ನಿಂದ ಆವಕ ಗುಣಿಸು ದರದ ಮೊತ್ತ, ಅದನ್ನು ಆವಕದ ಒಟ್ಟು ಮೊತ್ತದಿಂದ ಡಿವೈಡ್. ಕಾಲಂ ಮಾಡಿ ಅದರ ಮೇಲೆ ಆವರೇಜ್ ಹಾಕಿದರೆ ತಿಂಗಳ ಮಟ್ಟದಲ್ಲಿ ಮತ್ತೆ ಅದೇ 65,000ದ ರೋಗ. ನಿಜ ಹೇಳಬೇಕೆಂದರೆ ವೆರೈಟಿಗಳನ್ನು ಒಟ್ಟು ಸೇರಿಸದೆ ಬೇರೆ ಬೇರೆ ತೋರಿಸುವುದೇ ಮರ್ಯಾದೆ. ರಾಶಿಯ ಗೆರೆಯೂ ಸರಕಿನ ಗೆರೆಯೂ ಒಂದೇ ಅಲ್ಲ ಅಂತ ಮಂಡಿಯವರಿಗೆ ಹೇಳಿಕೊಡಬೇಕೇ?

ರಜಾದಿನ. ವ್ಯಾಪಾರ ಇಲ್ಲದ ದಿನದ ದರ ಸೊನ್ನೆಯಲ್ಲ, ಖಾಲಿ. ಸೊನ್ನೆ ತುಂಬಿದರೆ ಗ್ರಾಫ್ ವಾರಕ್ಕೊಮ್ಮೆ ಪಾತಾಳಕ್ಕಿಳಿಯುತ್ತದೆ. ಎಸ್‌ಕ್ಯೂಎಲ್‌ನ ಲ್ಯಾಗ್ ಅನ್ನುವ ಫಂಕ್ಷನ್ ಹಿಂದಿನ ಸಾಲನ್ನು ಕೊಡುತ್ತದೆ, ಹಿಂದಿನ ದಿನವನ್ನಲ್ಲ. ಶೀರ್ಷಿಕೆಯಲ್ಲಿ «ಹಿಂದಿನ ವ್ಯಾಪಾರದ ದಿನಕ್ಕೆ ಹೋಲಿಸಿದರೆ» ಅಂತಲೇ ಬರೆಯಿರಿ. ಪವರ್ ಬಿಐಗೆ ಮಾತ್ರ ಒಂದು ದಿನವೂ ಬಿಡದ ದಿನಾಂಕದ ಟೇಬಲ್ ಬೇರೆಯೇ ಬೇಕು, ಇಲ್ಲದಿದ್ದರೆ ಹಿಂದಿನ ವರ್ಷದ ಹೋಲಿಕೆ ಕೈಕೊಡುತ್ತದೆ.

ಕೊನೆಗೆ, ಪವರ್ ಬಿಐ ಆನ್‌ಲೈನ್ ಸೇವೆಗೆ ಜಿಮೇಲ್‌ನಿಂದ ಖಾತೆ ತೆರೆಯಲು ಬರುವುದಿಲ್ಲ, ಕಚೇರಿ ಅಥವಾ ಕಾಲೇಜಿನ ವಿಳಾಸವೇ ಬೇಕು. ಡೆಸ್ಕ್‌ಟಾಪ್‌ನಲ್ಲಿ ಮಾಡಿ, ಪಿಡಿಎಫ್ ತೆಗೆದು, ಎಸ್‌ಕ್ಯೂಎಲ್ ಕಡತಗಳ ಜೊತೆ ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ. ಯಾವ ಸಾಲುಗಳನ್ನು ಏಕೆ ಕೈಬಿಟ್ಟಿರಿ ಅನ್ನುವುದನ್ನು ಅರ್ಧ ಪುಟ ಬರೆಯಿರಿ. ಓದುವವರು ಮೊದಲು ನೋಡುವುದು ಅದನ್ನೇ.

---

ಗುಡ್ಡದಮನೆ (ಹೊಸನಗರ)

ಕರೆಂಟಿನ ಪ್ರಶ್ನೆಗೆ ನಾನು. ಲ್ಯಾಪ್‌ಟಾಪ್ ಬ್ಯಾಟರಿ ಸರಿ ಇದ್ದರೆ ಬೇಕಾದ್ದು ರೂಟರಿಗೆ ಮಿನಿ ಯುಪಿಎಸ್ ಅಷ್ಟೇ. ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರೆದಿದೆ ಅಂತ ನೋಡಿ ಕೊಳ್ಳಿ, ಬಹುತೇಕ 12 ವೋಲ್ಟ್ ಇರುತ್ತದೆ. ಪೆಟ್ಟಿಗೆ ಮೇಲಿನ 8800 ಎಂಎಎಚ್ ಅನ್ನುವುದು ಸಾಮಾನ್ಯವಾಗಿ ಒಳಗಿನ ಸೆಲ್‌ನ 3.7 ವೋಲ್ಟಿನ ಲೆಕ್ಕ, 12ರದ್ದಲ್ಲ. ಅಂದರೆ ಸುಮಾರು 32 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದು 27 ಇಟ್ಟುಕೊಳ್ಳಿ. ರೂಟರ್ 9 ವ್ಯಾಟ್ ಎಳೆದರೆ ಮೂರು ಗಂಟೆ. ಫೈಬರ್ ಮರ ಬಿದ್ದು ತುಂಡಾದರೆ ಯಾವ ಯುಪಿಎಸ್ಸೂ ಇಲ್ಲ, ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರೂ ಮಲಗುತ್ತದೆ. ಅದಕ್ಕೇ ಪಾಠದ ವೀಡಿಯೊ ಮೊದಲೇ ಇಳಿಸಿಡಿ. ಎನ್‌ಪಿಟೆಲ್‌ನಲ್ಲಿ, ಕೋರ್ಸೆರಾದ ಮೊಬೈಲ್ ಆಪ್‌ನಲ್ಲಿ ಅದಕ್ಕೆ ಅವಕಾಶ ಇದೆ. ಅಸೈನ್‌ಮೆಂಟ್ ಕೊನೆಯ ದಿನ ರಾತ್ರಿಗೆ ಇಡಬೇಡಿ, ಎರಡು ದಿನ ಮೊದಲೇ ಒಂದು ಸಲ ಒತ್ತಿಬಿಡಿ. ಗಡುವಿನೊಳಗೆ ತಿದ್ದಿ ಮತ್ತೆ ಕಳಿಸಬಹುದು.

ಪಿಎಲ್-300 ಅನ್ನು ಮನೆಯಲ್ಲಿ ಬರೆಯುವ ಸಾಹಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಬಿಡುವು ತೆಗೆದುಕೊಳ್ಳದೆ ಕ್ಯಾಮೆರಾ ಎದುರಿಂದ ಏಳುವ ಹಾಗಿಲ್ಲ, ಕೋಣೆಗೆ ಯಾರೂ ಬರುವ ಹಾಗಿಲ್ಲ, ಸಂಪರ್ಕ ಕಡಿದು ಬೇಗ ಬರದಿದ್ದರೆ ಪರೀಕ್ಷೆ ಹೋಯಿತು. ಬುಕಿಂಗ್ ಪುಟದಲ್ಲಿ ಹತ್ತಿರದ ಕೇಂದ್ರ ನೋಡಿ ಅಲ್ಲಿಗೇ ಹೋಗಿ. ಬಸ್ ಚಾರ್ಜು ಮರುಪರೀಕ್ಷೆಯ ಶುಲ್ಕಕ್ಕಿಂತ ಕಡಿಮೆ.

ಇನ್ನೊಂದು, ಹೆಸರು. ನಮ್ಮಲ್ಲಿ ಇನಿಶಿಯಲ್ ಗೊಂದಲ ಇದ್ದದ್ದೇ. ಅಂಕಪಟ್ಟಿಯಲ್ಲಿ ಕೆ.ಎಸ್. ಕೊನೆಯಲ್ಲಿ, ಇನ್ನೊಂದು ಚೀಟಿಯಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು. ಕೇಂದ್ರಕ್ಕೆ ಯಾವ ಗುರುತಿನ ಚೀಟಿ ಒಯ್ಯುತ್ತೀರೋ ಅದರಲ್ಲಿರುವಂತೆಯೇ ಖಾತೆಯಲ್ಲಿ ಹೆಸರು ಹಾಕಿ, ಬುಕ್ ಮಾಡುವುದಕ್ಕೂ ಮೊದಲೇ.

---

ಕಾಲಂ_ಸಾಲು

85 ಸಾವಿರದ್ದು ಮರೆತಿದ್ದೆ. ಬೇಡ. «ಕಂತು» ಅಂತ ಅವರು ಹೇಳುವುದು ಬಹಳಷ್ಟು ಸಲ ನಿಮ್ಮ ಹೆಸರಿಗೆ ಹಣಕಾಸು ಸಂಸ್ಥೆಯೊಂದು ಕೊಡುವ ಸಾಲ. ನೀವು ಮಧ್ಯದಲ್ಲಿ ಬಿಟ್ಟರೂ, ಅವರು ಪಾಠ ನಿಲ್ಲಿಸಿದರೂ ಬ್ಯಾಂಕಿನಿಂದ ಕಡಿತ ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಕೆಡುತ್ತದೆ. ಮತ್ತೆ ಫೋನ್ ಬಂದರೆ ಮೂರು ಮಾತು ಬರವಣಿಗೆಯಲ್ಲಿ ಕೇಳಿ: ಸಾಲ ಕೊಡುವವರು ಯಾರು, ಎಷ್ಟು ದಿನದೊಳಗೆ ಬಿಟ್ಟರೆ ಪೂರ್ತಿ ಹಣ ವಾಪಸ್, ಗ್ಯಾರಂಟಿ ಅಂದರೆ ಎಷ್ಟು ಸಂಬಳದ ಯಾವ ಕೆಲಸ. ಒಟಿಪಿ, ಆಧಾರ್ ಫೋಟೊ ಮಾತ್ರ ಮಾತುಕತೆಯ ಹಂತದಲ್ಲಿ ಕೊಡಬೇಡಿ.

---

ಅಡಿಕೆಲೆಕ್ಕ

ಎಲ್ಲರಿಗೂ ಧನ್ಯವಾದ. ಒಂದು ತೊಡಕು. ಜನವರಿಯ ಅವಧಿ ಅಂದರೆ ಮಾರ್ಚ್ 31ರ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ ಮಧ್ಯದಲ್ಲೇ ಬರುತ್ತದೆ. ಆಗ ವಾರಕ್ಕೆ 12 ಗಂಟೆ ಅಲ್ಲ, ಎರಡು ಗಂಟೆಯೂ ಸಿಗುವುದಿಲ್ಲ.

---

ಕಾಲಂ_ಸಾಲು

ಅದಕ್ಕೇ 8 ವಾರದ್ದು ಹೇಳಿದ್ದು. ಜನವರಿ ಕೊನೆಯಲ್ಲಿ ಶುರುವಾದರೆ ಮಾರ್ಚ್ ಎರಡನೇ ವಾರದ ಹೊತ್ತಿಗೆ ಆರು ಅಸೈನ್‌ಮೆಂಟ್ ಮುಗಿದಿರುತ್ತವೆ. ಆ ಆರನ್ನು ಚೆನ್ನಾಗಿ ಮಾಡಿ, ಕೊನೆಯ ಎರಡು ಹೋದರೆ ಹೋಗಲಿ. ಆದರೆ ಆ ಎರಡು ವಾರದ ಪಾಠ ಪರೀಕ್ಷೆಗೆ ಇರುತ್ತದೆ, ವೀಡಿಯೊ ಇಳಿಸಿಟ್ಟುಕೊಳ್ಳಿ. ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ದಿನಾಂಕ ಇದ್ದರೆ ಏಪ್ರಿಲ್‌ನದ್ದು ಆರಿಸಿ. ಎಸ್‌ಕ್ಯೂಎಲ್ ಅಭ್ಯಾಸ ಮಾತ್ರ ಜನವರಿಗೆ ಕಾಯದೆ ಈ ವಾರವೇ ಶುರು ಮಾಡಿ, ಅದಕ್ಕೆ ಯಾರ ನೋಂದಣಿಯೂ ಬೇಡ.