1/5 ರಿಮೋಟ್ ಟ್ರಕ್ ಓಡುತ್ತಿರುವಾಗ ಟಪ್ ಅಂತ ಸತ್ತು ಮತ್ತೆ ಜೀವ ಬರುತ್ತಿದೆ, ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಹೋಗಿದೆಯಾ?

ಕೆಸರುಗಾಲಿ
ತಲೆ ಕೆಟ್ಟುಹೋಗಿದೆ. ಪೆಟ್ರೋಲ್ ಚಾಸಿಸ್ ತೆಗೆದುಕೊಂಡು ಎಲೆಕ್ಟ್ರಿಕ್ ಮಾಡಿದ 1/5 ಟ್ರಕ್ (ನಿಜ ಗಾಡಿಯ ಐದನೇ ಒಂದು ಅಳತೆ) ಇದು. 8ಎಸ್ (ಎಂಟು ಸೆಲ್ ಸೀರೀಸ್) ಬ್ಯಾಟರಿ, 800 ಕೆವಿ (ಒಂದು ವೋಲ್ಟ್‌ಗೆ 800 ಆರ್‌ಪಿಎಂ) ಮೋಟಾರ್, 200 ಆಂಪ್ ಇಎಸ್‌ಸಿ. ಮೋಟಾರ್ ಮೌಂಟ್ ನಾನೇ ಅಲ್ಯೂಮಿನಿಯಂ ಪ್ಲೇಟ್‌ನಲ್ಲಿ ಮಾಡಿದ್ದು. ಸ್ಟ್ಯಾಂಡ್ ಮೇಲೆ ಇಟ್ಟು ಓಡಿಸಿದರೆ ಏನೂ ತೊಂದರೆ ಇಲ್ಲ. ನೆಲಕ್ಕಿಳಿಸಿ ಜೋರಾಗಿ ಓಡಿಸಿದರೆ ಮಧ್ಯೆ ಮಧ್ಯೆ ಟಪ್ ಅಂತ ನಿಲ್ಲುತ್ತದೆ. ಒಂದೆರಡು ಸೆಕೆಂಡ್ ಆದಮೇಲೆ ಏನೂ ಆಗಿಲ್ಲದ ಹಾಗೆ ಮತ್ತೆ ಹೊರಡುತ್ತದೆ. ಬ್ಯಾಟರಿ ಚೆನ್ನಾಗಿದೆ. ವೈರಿಂಗ್ ಚೆಕ್ ಮಾಡಿದ್ದೇನೆ. ಸೆಟ್ಟಿಂಗ್ ಎಲ್ಲ ನಾರ್ಮಲ್. ಹೊಸ ಇಎಸ್‌ಸಿ ತರಿಸುವ ಮೊದಲು ಇಲ್ಲಿ ಒಂದು ಮಾತು ಕೇಳೋಣ ಅಂತ ಬಂದೆ.

ಪಿನಿಯನ್‌ಪ್ರಿಯ
ಗೇರಿಂಗ್. ಕಣ್ಣು ಮುಚ್ಚಿ ಹೇಳಬಲ್ಲೆ. ಪೆಟ್ರೋಲ್ ಚಾಸಿಸ್ ಕನ್ವರ್ಟ್ ಮಾಡುವವರೆಲ್ಲ ಪಿನಿಯನ್ (ಮೋಟಾರ್‌ನ ಚಿಕ್ಕ ಗೇರ್) ದೊಡ್ಡದು ಹಾಕುತ್ತಾರೆ, ಆಮೇಲೆ ಇಎಸ್‌ಸಿಯನ್ನು ಬೈಯುತ್ತಾರೆ. ಎಷ್ಟು ಹಲ್ಲು? ಟೈರ್ ಅಳತೆ ಎಷ್ಟು?

ಮಿಲಿಓಮ್
"ನಿಲ್ಲುತ್ತದೆ" ಅಂದರೆ ಏನು ಸರ್? ಮೋಟಾರ್ ಮಾತ್ರವಾ, ಸ್ಟೀರಿಂಗ್ ಕೂಡವಾ? ಇದೊಂದು ಹೇಳಿ, ಅರ್ಧ ಉತ್ತರ ಸಿಕ್ಕ ಹಾಗೆ.

ಕೆಸರುಗಾಲಿ
@ಪಿನಿಯನ್‌ಪ್ರಿಯ ಮೋಟಾರ್‌ನಿಂದ ಚಕ್ರದವರೆಗೆ ಒಟ್ಟು ರೇಶಿಯೋ 12. ಟೈರ್ 180 ಮಿ.ಮೀ. ಟ್ರಕ್ ತೂಕ ಬ್ಯಾಟರಿ ಸೇರಿ ಸುಮಾರು 15 ಕೆಜಿ.

ಪಿನಿಯನ್‌ಪ್ರಿಯ
ಲೆಕ್ಕ ಹಾಕಿ. 8ಎಸ್ ಫುಲ್ ಚಾರ್ಜ್ 33.6 ವೋಲ್ಟ್. 800ರಿಂದ ಗುಣಿಸಿದರೆ 26,880 ಆರ್‌ಪಿಎಂ. 12ರಿಂದ ಭಾಗಿಸಿ, ಟೈರ್ ಸುತ್ತಳತೆಯಿಂದ ಗುಣಿಸಿ. ಗಂಟೆಗೆ 76 ಕಿ.ಮೀ. ಬರುತ್ತದೆ. ಲೋಡ್ ಇಲ್ಲದ ಲೆಕ್ಕ ಇದು, ನಿಜ. ಆದರೂ 15 ಕೆಜಿ ಗಾಡಿಗೆ, ಅದೂ ಮಣ್ಣಿನಲ್ಲಿ, ಇದು ಜಾಸ್ತಿ. ಇಎಸ್‌ಸಿ ಬಿಸಿಯಾಗಿ ಥರ್ಮಲ್ ಕಟ್ ಹೊಡೆಯುತ್ತಿದೆ. ಎರಡು ಹಲ್ಲು ಇಳಿಸಿ, ಥ್ರೆಡ್ ಮುಗಿಯಿತು.

ಕೆಸರುಗಾಲಿ
ನಿಂತ ತಕ್ಷಣ ಟೆಂಪರೇಚರ್ ಗನ್ ಹಿಡಿದು ನೋಡಿದ್ದೇನೆ. ಮೋಟಾರ್ 62 ಡಿಗ್ರಿ, ಇಎಸ್‌ಸಿ 55. ಇದು ಬಿಸಿನಾ?

ಪಿನಿಯನ್‌ಪ್ರಿಯ
ಅದು ಹೊರಗಿನ ಬಿಸಿ. ಒಳಗೆ ಮಾಸ್ಫೆಟ್ (ಕರೆಂಟ್ ಸ್ವಿಚ್ ಮಾಡುವ ಚಿಪ್) ಹತ್ತಿರ ಜಾಸ್ತಿ ಇರುತ್ತದೆ.

ಮಿಲಿಓಮ್
ಇರಲಿ, ಜಾಸ್ತಿಯೇ ಇರಲಿ. ಥರ್ಮಲ್ ಕಟ್ ಆದರೆ ಎರಡು ಸೆಕೆಂಡಿಗೆ ಮತ್ತೆ ಓಡುವುದಿಲ್ಲ. ಅಷ್ಟು ದೊಡ್ಡ ಹೀಟ್‌ಸಿಂಕ್ ತಣ್ಣಗಾಗಲು ನಿಮಿಷಗಳೇ ಬೇಕು. ಕೆಸರುಗಾಲಿಯವರೇ, ಸ್ಟೀರಿಂಗ್ ವಿಷಯ ಹೇಳಲೇ ಇಲ್ಲ.

ಧೂಳೆಬ್ಬಿಸು
ಕನೆಕ್ಟರ್ ಯಾವುದು ಹಾಕಿದ್ದೀರಿ? ಎಕ್ಸ್‌ಟಿ90 ಇದ್ದರೆ ಮೊದಲು ಅದನ್ನು ಕಿತ್ತು ಬಿಸಾಕಿ. 90 ಆಂಪ್‌ನ ಕನೆಕ್ಟರ್‌ಗೆ 200 ಆಂಪ್‌ನ ಇಎಸ್‌ಸಿ ಕಟ್ಟುವುದು ಎಲ್ಲಿಯ ನ್ಯಾಯ?

ಸೋಲ್ಡರ್‌ಹೊಗೆ
ಸುಮ್ನೆ ಹೆದರಿಸಬೇಡಿ. 90 ಆಂಪ್ ಅನ್ನುವುದು ಬಿಡದೆ ಹರಿಯುವ ಕರೆಂಟ್‌ಗೆ. ಟ್ರಕ್‌ನಲ್ಲಿ 200 ಆಂಪ್ ಒಂದು ಸೆಕೆಂಡ್ ಕೂಡ ನಿಲ್ಲುವುದಿಲ್ಲ. ಆಂಟಿ ಸ್ಪಾರ್ಕ್ ಇರುವ ಎಕ್ಸ್‌ಟಿ90-ಎಸ್‌ನಲ್ಲಿ ನಾನು ಇದೇ ಸೈಜಿನ ಗಾಡಿ ಓಡಿಸುತ್ತಿದ್ದೇನೆ. ಕೈಗೆ ಬೆಚ್ಚಗೆ ಅನ್ನಿಸುತ್ತದೆ, ಅಷ್ಟೇ.

ಧೂಳೆಬ್ಬಿಸು
ಬೆಚ್ಚಗೆ ಅಂದರೇನೇ ಅಲ್ಲಿ ಪವರ್ ಪೋಲಾಗುತ್ತಿದೆ ಅಂತ. ನಾನು 8 ಮಿ.ಮೀ. ಬುಲೆಟ್, 8 ಗೇಜ್ ವೈರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ನನ್ನದು 12ಎಸ್, ಫುಲ್ ಚಾರ್ಜ್‌ನಲ್ಲಿ 50.4 ವೋಲ್ಟ್. ಸ್ಟೀಲ್ ಸ್ಪರ್, ಸ್ಟೀಲ್ ಪಿನಿಯನ್, ಸೆಂಟರ್ ಡಿಫ್‌ನಲ್ಲಿ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್) 5 ಲಕ್ಷ ನಂಬರಿನ ದಪ್ಪ ಆಯಿಲ್. ಟೈರ್ ಒಳಗಡೆ ಟೇಪ್ ಸುತ್ತಿದ್ದೇನೆ, ಇಲ್ಲದಿದ್ದರೆ ಉಬ್ಬಿ ಬಾಡಿಯನ್ನೇ ಕತ್ತರಿಸುತ್ತದೆ. ಫೋಟೋ ಆಮೇಲೆ ಹಾಕುತ್ತೇನೆ.

ಸೋಲ್ಡರ್‌ಹೊಗೆ
ಆಂಟಿ ಸ್ಪಾರ್ಕ್ ಇಲ್ಲದ ಬುಲೆಟ್‌ಗೆ 50 ವೋಲ್ಟ್ ಚುಚ್ಚುವಾಗ ಬರುವ ಪಟಾಕಿ ಸದ್ದಿನ ವಿಡಿಯೋನೂ ಹಾಕಿ.

ಕೆಸರುಗಾಲಿ
ಕನೆಕ್ಟರ್ ಎಎಸ್150. ಅದರ ವಿಷಯ ಬಿಡಿ. ಪಿನಿಯನ್ ಎರಡು ಹಲ್ಲು ಇಳಿಸಿ ಓಡಿಸಿದೆ. ಟಾಪ್ ಸ್ಪೀಡ್ ಕಡಿಮೆ ಆಯಿತು. ಸಮಸ್ಯೆ ಹಾಗೇ ಇದೆ. ಈಗಂತೂ ತಿರುವಿನಿಂದ ಹೊರಬರುವಾಗ ಪಕ್ಕಾ ನಿಲ್ಲುತ್ತದೆ.

ಪಿನಿಯನ್‌ಪ್ರಿಯ
ಇನ್ನೊಂದು ಹಲ್ಲು ಇಳಿಸಿ. ಮೆಶ್ ಕೂಡ ನೋಡಿ. ಎರಡು ಗೇರ್ ನಡುವೆ ಒಂದು ಪೇಪರ್ ಚೂರು ಇಟ್ಟು ಒತ್ತಿ ಸ್ಕ್ರೂ ಬಿಗಿ ಮಾಡಿ, ಆಮೇಲೆ ಪೇಪರ್ ಹೊರಳಿಸಿ ತೆಗೆಯಿರಿ. ಮೆಶ್ ಟೈಟ್ ಆಗಿದ್ದರೂ ಕರೆಂಟ್ ಜಾಸ್ತಿ ಎಳೆಯುತ್ತದೆ. ಕೈಯಲ್ಲಿ ಮಾಡಿದ ಮೌಂಟ್ ಅಂತೀರಿ, ಲೋಡ್ ಬಿದ್ದಾಗ ಬಾಗುತ್ತಿರಬಹುದು.

ಮಿಲಿಓಮ್
ತಿರುವಿನಲ್ಲಿ!!! ಸರ್, ದಯವಿಟ್ಟು. ನಿಂತಾಗ ಮುಂದಿನ ಚಕ್ರ ಸ್ಟೀರಿಂಗ್‌ಗೆ ಎಡ ಬಲ ತಿರುಗುತ್ತದಾ ಇಲ್ಲವಾ?

ಕೆಸರುಗಾಲಿ
ಇಲ್ಲ. ಚಕ್ರ ಇದ್ದಲ್ಲೇ ಇರುತ್ತದೆ. ಮೊದಲೇ ಹೇಳಿದೆನಲ್ಲ, ಪೂರ್ತಿ ಸಾಯುತ್ತದೆ ಅಂತ.

ಮಿಲಿಓಮ್
ಸರಿ. ಹಾಗಾದರೆ ಪಿನಿಯನ್ ಬಿಡಿ, ಕನೆಕ್ಟರ್ ಬಿಡಿ. ಇಎಸ್‌ಸಿ ಬಿಸಿಯಾಗಿ ಕಟ್ ಮಾಡಿದರೂ, ಲೋ ವೋಲ್ಟೇಜ್ ಕಟಾಫ್ ಆದರೂ ಮೋಟಾರ್ ಮಾತ್ರ ನಿಲ್ಲುತ್ತದೆ. ಬಿಇಸಿ (ಇಎಸ್‌ಸಿಯೊಳಗೆ ರಿಸೀವರ್, ಸ್ಟೀರಿಂಗ್‌ಗೆ ಕಡಿಮೆ ವೋಲ್ಟೇಜ್ ಕೊಡುವ ಭಾಗ) ಕೆಲಸ ಮಾಡುತ್ತಿರುತ್ತದೆ, ಸ್ಟೀರಿಂಗ್ ಬದುಕಿರುತ್ತದೆ. ಸ್ಟೀರಿಂಗೂ ಸತ್ತಿದೆ ಅಂದರೆ ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್‌ಗೇ ಕರೆಂಟ್ ಸಾಲುತ್ತಿಲ್ಲ, ಇಲ್ಲವೇ ಸಿಗ್ನಲ್ ಹೋಗುತ್ತಿದೆ. ಸಿಗ್ನಲ್ ಹೋಗುವುದಾದರೆ ದೂರದಲ್ಲಿ ಹೋಗಬೇಕು. ನಿಮ್ಮದು ತಿರುವಿನಲ್ಲಿ ಹೋಗುತ್ತಿದೆ. ಅಂದರೆ ಸರ್ವೋ (ಸ್ಟೀರಿಂಗ್ ತಿರುಗಿಸುವ ಮೋಟಾರ್) ಜೋರಾಗಿ ಕರೆಂಟ್ ಎಳೆಯುವ ಹೊತ್ತಿಗೆ.

ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ರಿಸೀವರ್ ರೀಸ್ಟಾರ್ಟ್ ಆಗುತ್ತದೆ. ಮತ್ತೆ ರಿಮೋಟ್ ಜೊತೆ ಲಿಂಕ್ ಆಗಲು ಒಂದೆರಡು ಸೆಕೆಂಡ್. ನೀವು ಹೇಳಿದ ಅದೇ ಒಂದೆರಡು ಸೆಕೆಂಡ್. ಯಾವ ಸರ್ವೋ? ಎಷ್ಟು ಸರ್ವೋ? ಕರೆಂಟ್ ಎಲ್ಲಿಂದ?

ಕೆಸರುಗಾಲಿ
ಮಾಮೂಲಿ ಎರಡು ಸರ್ವೋ ಸ್ಟೀರಿಂಗ್. ಒಂದೊಂದೂ 60 ಕೆಜಿ (ತಿರುಗಿಸುವ ಬಲ, ತೂಕ ಅಲ್ಲ) ಸರ್ವೋ. ವೈ ವೈರ್‌ನಲ್ಲಿ ರಿಸೀವರ್‌ಗೆ. ಕರೆಂಟ್ ಇಎಸ್‌ಸಿಯ ಬಿಇಸಿಯಿಂದ, 7.4 ವೋಲ್ಟ್‌ಗೆ ಸೆಟ್ ಮಾಡಿದ್ದೇನೆ. ಎಲ್ಲರೂ ಹೀಗೇ ತಾನೇ ಮಾಡುವುದು?

ಹಳೆಎಂಜಿನ್
ಎರಡು 60 ಕೆಜಿ ಸರ್ವೋ ನಿಮಗೆ "ಮಾಮೂಲಿ"ಯಾ ಮಾರಾಯರೇ! ಇದನ್ನು ಮೊದಲನೇ ಪೋಸ್ಟ್‌ನಲ್ಲೇ ಹಾಕಬಾರದಾ?

ಪೆಟ್ರೋಲ್‌ನಲ್ಲಿ ಓಡುತ್ತಿದ್ದಾಗ ಈ ಚಾಸಿಸ್‌ನಲ್ಲಿ ರಿಸೀವರ್‌ಗೆ ಅಂತಲೇ ಬೇರೆ ಬ್ಯಾಟರಿ ಇತ್ತು ಅಲ್ವಾ? ದೊಡ್ಡ ಸರ್ವೋ ಅದರಿಂದಲೇ ನೇರವಾಗಿ ಕುಡಿಯುತ್ತಿತ್ತು, ಎಷ್ಟು ಬೇಕೋ ಅಷ್ಟು. ಕನ್ವರ್ಟ್ ಮಾಡುವಾಗ ಎಂಜಿನ್, ಟ್ಯಾಂಕ್, ಕ್ಲಚ್ ಜೊತೆ ಆ ಪ್ಯಾಕ್ ಕೂಡ ಕಸದ ಡಬ್ಬಿಗೆ ಹೋಗುತ್ತದೆ. ಇಎಸ್‌ಸಿಯಲ್ಲಿ ಬಿಇಸಿ ಇದೆಯಲ್ಲ ಅಂತ. ಸರ್ವೋ ಎರಡಾಗುತ್ತದೆ, ಕರೆಂಟ್ ಕೊಡುವ ಜಾಗ ಚಿಕ್ಕದಾಗುತ್ತದೆ. ಇಎಸ್‌ಸಿ ಪೇಪರ್ ತೆಗೆದು ನೋಡಿ, ಬಿಇಸಿ ಎಷ್ಟು ಆಂಪ್ ಅಂತ.

ಕೆಸರುಗಾಲಿ
6 ಆಂಪ್ ಅಂತಿದೆ.

ಮಿಲಿಓಮ್
ಅಷ್ಟು ದೊಡ್ಡ ಸರ್ವೋ ಪೂರ್ತಿ ಸಿಕ್ಕಿಕೊಂಡು ನಿಂತರೆ ಒಂದೇ 6 ಆಂಪ್ ಎಳೆಯಬಲ್ಲದು. ನಿಮ್ಮಲ್ಲಿ ಎರಡಿವೆ. ಸ್ಟ್ಯಾಂಡ್ ಮೇಲೆ ಯಾಕೆ ಚೆನ್ನಾಗಿ ಓಡುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಗಾಳಿಯಲ್ಲಿರುವ ಚಕ್ರ ತಿರುಗಿಸಲು ಸರ್ವೋಗೆ ಕಷ್ಟವೇ ಇಲ್ಲ.

ರಿಸೀವರ್‌ನಲ್ಲಿ ಟೆಲಿಮೆಟ್ರಿ (ವೋಲ್ಟೇಜ್ ಮುಂತಾದ್ದನ್ನು ರಿಮೋಟ್‌ಗೆ ಕಳಿಸುವುದು) ಇದ್ದರೆ ಕನಿಷ್ಠ ವೋಲ್ಟೇಜ್ ನೋಡಿ. ಇಲ್ಲದಿದ್ದರೆ ಟ್ರಕ್ ನೆಲದ ಮೇಲಿಟ್ಟು, ಥ್ರಾಟಲ್ ಮುಟ್ಟದೆ, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಬೇಗ ಬೇಗ ಪೂರ್ತಿ ತಿರುಗಿಸಿ. ರಿಸೀವರ್ ಲೈಟ್ ಮಿಟುಕಿದರೆ ಕಳ್ಳ ಸಿಕ್ಕಿದ ಹಾಗೆ. ಮಲ್ಟಿಮೀಟರ್ ನಂಬಬೇಡಿ, ಇಷ್ಟು ಚಿಕ್ಕ ಹೊತ್ತಿನ ಇಳಿತ ಅದರ ಕಣ್ಣಿಗೆ ಬೀಳುವುದಿಲ್ಲ.

ಸೋಲ್ಡರ್‌ಹೊಗೆ
ಇದಕ್ಕೆಲ್ಲ ಇಷ್ಟು ಯಾಕೆ? ರಿಸೀವರ್‌ನ ಖಾಲಿ ಪೋರ್ಟ್‌ಗೆ ಒಂದು 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಚುಚ್ಚಿ. ಗ್ಲಿಚ್ ಬಸ್ಟರ್ ಅಂತ ರೆಡಿಮೇಡ್ ಸಿಗುತ್ತದೆ.

ಮಿಲಿಓಮ್
10 ಆಂಪ್ ಕೊರತೆ ಇದ್ದರೆ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಅರ್ಧ ಮಿಲಿಸೆಕೆಂಡಿಗೆ 1 ವೋಲ್ಟ್ ಇಳಿಯುತ್ತದೆ. ಸರ್ವೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಅದರ ನೂರಾರು ಪಟ್ಟು ಸಮಯ ಬೇಕು. ಚಿಕ್ಕ ಸ್ಪೈಕ್‌ಗೆ ಕೆಪಾಸಿಟರ್ ಸರಿ. ಇಲ್ಲಿ ಏನೂ ಸಾಲದು.

ಸೋಲ್ಡರ್‌ಹೊಗೆ
ನನ್ನ ಗಾಡಿಯಲ್ಲಿ ಸರಿಹೋಯಿತು. ಲೆಕ್ಕ ಬೇರೆ, ಓಡಿಸುವುದು ಬೇರೆ.

ಹಳೆಎಂಜಿನ್
ನಿಮ್ಮ ಗಾಡಿಯಲ್ಲಿ ಒಂದೇ ಸರ್ವೋ ಇರಬೇಕು. ಇಬ್ಬರೂ ಬೇರೆ ಬೇರೆ ಕಾಯಿಲೆಗೆ ಔಷಧಿ ಹೇಳುತ್ತಿದ್ದೀರಿ.

ಎಂಡ್ ಪಾಯಿಂಟ್ ಕೂಡ ನೋಡಿ ಕೆಸರುಗಾಲಿ. ಚಕ್ರ ಸ್ಟಾಪ್‌ಗೆ ತಾಗಿದ ಮೇಲೂ ಸರ್ವೋ ತಳ್ಳುತ್ತಲೇ ಇದ್ದರೆ ಪ್ರತಿ ತಿರುವಿನಲ್ಲೂ ಸ್ಟಾಲ್ ಕರೆಂಟ್ ಎಳೆಯುತ್ತದೆ. ಪೂರ್ತಿ ತಿರುಗಿಸಿ ಹಿಡಿದಾಗ ಗುಂಯ್ ಅಂತ ಸದ್ದು ಬಂದರೆ ಸದ್ದು ನಿಲ್ಲುವವರೆಗೆ ರಿಮೋಟ್‌ನಲ್ಲಿ ಎಂಡ್ ಪಾಯಿಂಟ್ ಇಳಿಸಿ. ಎರಡು ಸರ್ವೋ ಒಂದಕ್ಕೊಂದು ಎದುರು ತಳ್ಳುತ್ತಿಲ್ಲ ಅಂತಲೂ ಖಾತ್ರಿ ಮಾಡಿ. ಒಂದರ ಲಿಂಕ್ ಬಿಚ್ಚಿ, ಸೆಂಟರ್‌ನಲ್ಲಿ ಇಟ್ಟಾಗ ರಾಡ್ ಎಳೆಯದೆ ತಳ್ಳದೆ ತಾನಾಗೇ ಕೂರಬೇಕು.

ಧೂಳೆಬ್ಬಿಸು
ಫೋಟೋ ಅಪ್‌ಲೋಡ್ ಆಗುತ್ತಿಲ್ಲ. ಸೈಜ್ ಲಿಮಿಟ್ ಎಷ್ಟು ಇಲ್ಲಿ?

ಕೆಸರುಗಾಲಿ
ಎಂಡ್ ಪಾಯಿಂಟ್ ಎಡಗಡೆ ಗುಂಯ್ ಅನ್ನುತ್ತಿತ್ತು, ಇಳಿಸಿದೆ. ಟೆಲಿಮೆಟ್ರಿಯಲ್ಲಿ ಕನಿಷ್ಠ 3.4 ವೋಲ್ಟ್ ತೋರಿಸುತ್ತಿದೆ. 7.4 ಇರಬೇಕಾದಲ್ಲಿ! ಈಗ ಏನು ಹಾಕಲಿ, ಬೇರೆ ಬಿಇಸಿನಾ, ರಿಸೀವರ್ ಪ್ಯಾಕಾ?

ಮಿಲಿಓಮ್
ಎರಡೂ ನಡೆಯುತ್ತದೆ. ಬಿಇಸಿ ಆದರೆ 8ಎಸ್ ತಡೆಯುವಂಥದ್ದು, 20 ಆಂಪ್‌ನದು ನೋಡಿ. ತುಂಬಾ ಬಿಇಸಿಗಳು 6ಎಸ್‌ವರೆಗೆ ಮಾತ್ರ, 33.6 ವೋಲ್ಟ್ ಕೊಟ್ಟರೆ ಅಲ್ಲೇ ಹೊಗೆ. ಪ್ಯಾಕ್ ಆದರೆ 2ಎಸ್ ಲಿಪೋ, ಫುಲ್ ಚಾರ್ಜ್‌ನಲ್ಲಿ 8.4 ವೋಲ್ಟ್. ಸರ್ವೋ, ರಿಸೀವರ್ ಎರಡೂ 8.4 ತಡೆಯುತ್ತವೆ ಅಂತ ಪೇಪರ್ ನೋಡಿಯೇ ಹಾಕಿ.

ಯಾವುದೇ ಹಾಕಿದರೂ ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಪ್ಲಗ್‌ನಲ್ಲಿ ನಡುವಿನ ಕೆಂಪು ವೈರ್ ಹೊರತೆಗೆಯಿರಿ. ಕತ್ತರಿಸಬೇಡಿ, ಪಿನ್ ಎಬ್ಬಿಸಿ ಎಳೆದು ಟೇಪ್ ಸುತ್ತಿ. ಇಲ್ಲದಿದ್ದರೆ ಎರಡು ಕಡೆಯ ಕರೆಂಟ್ ಒಂದರ ಮೇಲೊಂದು ನುಗ್ಗುತ್ತದೆ. ಕಪ್ಪು ವೈರ್ ಮತ್ತು ಸಿಗ್ನಲ್ ವೈರ್ ಇರಲೇಬೇಕು. ಇನ್ನೊಂದು: ಸರ್ವೋ ಕರೆಂಟ್ ಪೂರ್ತಿ ರಿಸೀವರ್‌ನ ಸಣ್ಣ ಪಿನ್ ಮೂಲಕ ಹರಿಸಬೇಡಿ. ವೈ ವೈರ್ ಕೂಡ ತೆಳ್ಳಗಿರುತ್ತದೆ. ಪ್ಯಾಕ್‌ನಿಂದ ದಪ್ಪ ವೈರ್ ನೇರವಾಗಿ ಸರ್ವೋಗೆ, ರಿಸೀವರ್‌ನಿಂದ ಸಿಗ್ನಲ್ ಮಾತ್ರ. ಗ್ರೌಂಡ್ (ಕಪ್ಪು ವೈರ್) ಎಲ್ಲಕ್ಕೂ ಒಂದೇ.

ಪಿನಿಯನ್‌ಪ್ರಿಯ
ಇದೆಲ್ಲ ಸರಿ. ಆದರೆ ಗೇರಿಂಗ್ ದೊಡ್ಡದಿದ್ದರೆ ಮೇನ್ ಬ್ಯಾಟರಿ ವೋಲ್ಟೇಜ್ ಕುಸಿದು ಬಿಇಸಿ ಕೂಡ ಕುಸಿಯಬಹುದು ಅಲ್ವಾ?

ಮಿಲಿಓಮ್
8ಎಸ್ 20 ವೋಲ್ಟ್‌ಗೆ ಕುಸಿದರೂ ಬಿಇಸಿಗೆ 7.4 ಮಾಡಲು ಬೇಕಾದಷ್ಟು ಉಳಿದಿರುತ್ತದೆ. ಅಷ್ಟು ಕುಸಿಯುವ ಮೊದಲು ಲೋ ವೋಲ್ಟೇಜ್ ಕಟಾಫ್ ಬಂದಿರುತ್ತದೆ.

ಕೆಸರುಗಾಲಿ
2ಎಸ್ ಪ್ಯಾಕ್ ಹಾಕಿದೆ. ಸರ್ವೋ 8.4ರದ್ದೇ. ದಪ್ಪ ವೈರ್ ನೇರವಾಗಿ ಕೊಟ್ಟೆ. ತಿರುವಿನಲ್ಲಿ ಸಾಯುವುದು ನಿಂತಿದೆ. ಸ್ಟೀರಿಂಗ್ ಎಷ್ಟು ಚುರುಕಾಗಿದೆ ಅಂದರೆ ನಿಂತ ಗಾಡಿಯಲ್ಲಿ ತಿರುಗಿಸಿದರೆ ಮುಂಭಾಗವೇ ಅಲ್ಲಾಡುತ್ತದೆ.

ಆದರೆ ಈಗ ಇನ್ನೊಂದು. ಬ್ಯಾಟರಿ ಅರ್ಧಕ್ಕೆ ಬಂದಮೇಲೆ ಪೂರ್ತಿ ಥ್ರಾಟಲ್ ಕೊಟ್ಟರೆ ಮೋಟಾರ್ ಕೈಕೊಡುತ್ತದೆ. ಸ್ಟೀರಿಂಗ್ ಚೆನ್ನಾಗೇ ಇದೆ. ಥ್ರಾಟಲ್ ಬಿಟ್ಟು ಒತ್ತಿದರೆ ಮತ್ತೆ ಹೊರಡುತ್ತದೆ.

ಪಿನಿಯನ್‌ಪ್ರಿಯ
ಗೇರಿಂಗ್ :)

ಮಿಲಿಓಮ್
ಇದು ಲೋ ವೋಲ್ಟೇಜ್ ಕಟಾಫ್. ಒಂದು ಸೆಲ್‌ಗೆ 5 ಮಿಲಿಓಮ್ ಅಂದುಕೊಂಡರೆ ಎಂಟಕ್ಕೆ 40. 150 ಆಂಪ್ ಎಳೆದಾಗ 6 ವೋಲ್ಟ್ ಅಲ್ಲೇ ಹೋಯಿತು. ಫುಲ್ ಚಾರ್ಜ್‌ನಲ್ಲಿ ಗೊತ್ತಾಗುವುದಿಲ್ಲ. ಸೆಲ್ 3.8ಕ್ಕೆ ಬಂದಾಗ 30.4ರಿಂದ 24.4ಕ್ಕೆ ಬೀಳುತ್ತದೆ, ಅಂದರೆ ಸೆಲ್‌ಗೆ 3.05. ಕಟಾಫ್ 3.2ಕ್ಕೆ ಇಟ್ಟಿದ್ದರೆ ನಿಲ್ಲಲೇಬೇಕು. ಕಟಾಫ್ ಮಾತ್ರ ಆಫ್ ಮಾಡಬೇಡಿ. ಬ್ಯಾಟರಿ ಎರಡು 4ಎಸ್ ಸೀರೀಸಾ? ಎರಡೂ ಒಟ್ಟಿಗೆ ತಂದದ್ದಾ?

ಕೆಸರುಗಾಲಿ
ಎರಡು 4ಎಸ್. ಒಂದು ಹೊಸದು, ಒಂದು ಹಳೆಯ ಗಾಡಿಯದು. ಎರಡೂ 5000 ಎಂಎಎಚ್, ಸಿ ರೇಟಿಂಗ್ ಕೂಡ ಒಂದೇ.

ಹಳೆಎಂಜಿನ್
"ಬ್ಯಾಟರಿ ಚೆನ್ನಾಗಿದೆ" ಅಂದಿದ್ದಿರಲ್ಲ!

ಮಿಲಿಓಮ್
ಸೀರೀಸ್‌ನಲ್ಲಿ ಇಎಸ್‌ಸಿಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಹೊಸ ಪ್ಯಾಕ್ 3.5ರಲ್ಲಿ ಆರಾಮಾಗಿ ಇರುವಾಗ ಹಳೆಯದು 2.9ಕ್ಕೆ ಇಳಿದಿದ್ದರೂ ಸರಾಸರಿ 3.2, ಇಎಸ್‌ಸಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಹಳೆಯದು ಊದಿಕೊಳ್ಳಲು ಶುರುವಾಗುವುದು ಹೀಗೇ. ಮುಂದಿನ ಸಲ ಕೈಕೊಟ್ಟ ತಕ್ಷಣ ನಿಲ್ಲಿಸಿ, ಎರಡೂ ಪ್ಯಾಕ್‌ನ ಸೆಲ್ ವೋಲ್ಟೇಜ್ ಬೇರೆ ಬೇರೆ ಅಳೆಯಿರಿ. ಚಾರ್ಜರ್‌ನಲ್ಲಿ ಇಂಟರ್ನಲ್ ರೆಸಿಸ್ಟೆನ್ಸ್ ನೋಡಿ ಅದನ್ನೂ ಇಲ್ಲಿ ಹಾಕಿ. ಅಲ್ಲಿಯವರೆಗೆ ಆ ಜೋಡಿಯನ್ನು ಜೋರಾಗಿ ಓಡಿಸಬೇಡಿ.

ಧೂಳೆಬ್ಬಿಸು
ಫೋಟೋ ಬಂತು ನೋಡಿ. ನೀಲಿ ಆನೊಡೈಸ್ ಮಾಡಿದ್ದು ನನ್ನದೇ ಮೋಟಾರ್ ಮೌಂಟ್.

ಚಿಕ್ಕಗಾಲಿ
ಸೂಪರ್ ಬ್ರೋ! ಸೆಂಟರ್ ಡಿಫ್‌ಗೆ 5 ಲಕ್ಷದ್ದು ಹಾಕಿದರೆ ತಿರುಗುವಾಗ ಗಾಡಿ ತಿರುಗದೆ ನೇರಕ್ಕೆ ತಳ್ಳಿಕೊಂಡು ಹೋಗುವುದಿಲ್ವಾ? ನನ್ನದರಲ್ಲಿ 1 ಲಕ್ಷ ಇದೆ, ಥ್ರಾಟಲ್ ಕೊಟ್ಟರೆ ಮುಂದಿನ ಚಕ್ರ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ.

ಧೂಳೆಬ್ಬಿಸು
ಸ್ವಲ್ಪ ತಳ್ಳುತ್ತದೆ. ಮುಂದಿನ ಡಿಫ್‌ಗೆ ತೆಳು ಆಯಿಲ್ ಹಾಕಿದರೆ ಸರಿಹೋಗುತ್ತದೆ. ನಿನ್ನದಕ್ಕೆ 2 ಲಕ್ಷ ಹಾಕಿ ನೋಡು, ಒಮ್ಮೆಲೇ 5ಕ್ಕೆ ಹೋಗಬೇಡ.

ಸೋಲ್ಡರ್‌ಹೊಗೆ
ಡಿಫ್ ಆಯಿಲ್‌ಗೆ ಬೇರೆ ಥ್ರೆಡ್ ತೆಗೆಯಿರಪ್ಪಾ.

ಚಿಕ್ಕಗಾಲಿ
ತೆಗೆದೆ. "1/5 ಡಿಫ್ ಆಯಿಲ್, ಯಾವುದಕ್ಕೆ ಎಷ್ಟು" ಅಂತ. ಎಲ್ಲರೂ ಅಲ್ಲಿಗೆ ಬನ್ನಿ.

ಮಿಲಿಓಮ್
ಕೆಸರುಗಾಲಿಯವರೇ, ಆ ಎರಡು ಪ್ಯಾಕ್‌ಗಳ ಅಳತೆ?